ಗಾಡಿ ನಮ್ಮದು, ಗೇಟು ಯಾರದ್ದು?

ಹಣೆಯ ಮೇಲೆ ‘ಶ್ರೀ ಗವಿಸಿದ್ಧೇಶ್ವರ ಪ್ರಸನ್ನ’. ಹಿಂದಿನ ಹಲಗೆಯ ಮೇಲೆ ‘ತಾಯಿಯ ಆಶೀರ್ವಾದ’. ಬಂಪರಿಗೆ ಹುಲಿಗೆಮ್ಮನ ಕುಂಕುಮ, ನಾಲ್ಕು ನಿಂಬೆಹಣ್ಣು, ಒಂದು ಹಳೇ ಚಪ್ಪಲಿ. ನಮ್ಮ ಲಾರಿ ಮಾಲೀಕನ ಸ್ವಂತದ್ದು ಅಂತ ಇರುವುದು ಇಷ್ಟೇ! ಬಾಗಿಲ ಮೇಲಿನ ಹೆಸರು ಟ್ರಾನ್ಸ್‌ಪೋರ್ಟ್ ಕಂಪನಿಯದ್ದು. ಆರ್‌ಸಿಯಲ್ಲಿ ಕೂತಿರುವ ಹೆಸರು ಫೈನಾನ್ಸಿನದ್ದು. ಡೀಸೆಲ್ ಕಾರ್ಡು ಕಂಪನಿಯದ್ದು. ಗಾಡಿ ಎಲ್ಲಿದೆ ಎಂದು ಹೆಜ್ಜೆಹೆಜ್ಜೆಗೂ ಹೇಳುವ ಜಿಪಿಎಸ್ ಡಬ್ಬಿಯೂ ಕಂಪನಿಯದ್ದು. ಟೈರು ಒಡೆದಾಗ ಮಾತ್ರ ಗಾಡಿ ಪೂರ್ತಿ ನಮ್ಮವನದ್ದು.

ಇದಕ್ಕೆ ‘ಗಾಡಿ ಅಟ್ಯಾಚ್ ಮಾಡೋದು’ ಅನ್ನುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಕಡೆ ಒಂದೇ ಕತೆ. ಹತ್ತು ವರ್ಷ ಪರರ ಗಾಡಿಯ ಸ್ಟೇರಿಂಗ್ ಹಿಡಿದ ಹುಡುಗ ಒಂದು ದಿನ ತಾನೂ ಮಾಲೀಕನಾಗಬೇಕೆಂದು ಹೊರಡುತ್ತಾನೆ. ಎರಡೆಕರೆ ಹೊಲ ಅಡವಿಡುತ್ತಾನೆ, ಹೆಂಡತಿಯ ಬೋರಮಾಳ ಸರ ಹೋಗುತ್ತದೆ, ಉಳಿದದ್ದಕ್ಕೆ ಫೈನಾನ್ಸ್. ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ ಹೊಳೆಯುತ್ತದೆ, ಲೋಡು ಎಲ್ಲಿಂದ ತರೋದು? ಆಗ ಟ್ರಾನ್ಸ್‌ಪೋರ್ಟ್ ಆಫೀಸಿನ ಸಾವ್ಕಾರ್ರು ಕೈಬೀಸಿ ಕರೆಯುತ್ತಾರೆ. ‘ಚಿಂತಿ ಯಾಕೋ ತಮ್ಮಾ, ಗಾಡಿ ನಮ್ಮ ಕಡೆ ಹಚ್ಚು. ತಿಂಗಳಾ ಹನ್ನೆರಡು ಟ್ರಿಪ್ ಗ್ಯಾರಂಟಿ ಐತಿ.’ ಗ್ಯಾರಂಟಿ ಸಾವ್ಕಾರರ ನಾಲಿಗೆಯ ಮೇಲೆ. ಒಪ್ಪಂದದ ಕಾಗದ ಇಂಗ್ಲಿಷಿನಲ್ಲಿ. ಹುಡುಗನ ಸಹಿ ಕನ್ನಡದಲ್ಲಿ!

ಅಂಥ ಒಂದು ಒಪ್ಪಂದವನ್ನು ಮುಂದಿಟ್ಟುಕೊಂಡು ಗೊತ್ತಿದ್ದವರಿಂದ ಸಾಲುಸಾಲಾಗಿ ಓದಿಸಿದೆವು. ಮಾಲು ಕಡಿಮೆ ಬಿದ್ದರೆ ಬಾಡಿಗೆಯಲ್ಲಿ ಹಿಡಿಯುವುದು, ತಡವಾದರೆ ಹಿಡಿಯುವುದು, ತಾಡಪತ್ರಿ ಹರಿದು ಮಾಲು ನೆಂದರೆ ಹಿಡಿಯುವುದು, ಬಾಕಿ ಬಾಡಿಗೆ ರಸೀದಿ ಮುಟ್ಟಿದ ಮೇಲೆ ‘ಅನುಕೂಲ ನೋಡಿ’ ಕೊಡುವುದು, ತಂಟೆ ಬಂದರೆ ನ್ಯಾಯ ಸಾವಿರ ಮೈಲಿ ಆಚೆಯ ಊರಿನಲ್ಲಿ. ಎಲ್ಲಾ ಇತ್ತು. ಹನ್ನೆರಡು ಟ್ರಿಪ್ಪಿನ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಕಾರ್ಖಾನೆ ಗೇಟಿನ ಮುಂದೆ ಗಾಡಿ ಮೂರು ದಿನ ನಿಂತರೆ ಹಾಲ್ಟಿಂಗ್ ಯಾರು ಕೊಡಬೇಕು? ಆ ಬಗ್ಗೆಯೂ ಕಾಗದ ಮೂಕ. ಆದರೆ ಒಂದು ಸಾಲು ಮಾತ್ರ ಬಹಳ ಸ್ಪಷ್ಟವಾಗಿತ್ತು: ಕಂಪನಿಯ ಒಪ್ಪಿಗೆ ಇಲ್ಲದೆ ಹೊರಗಿನ ಲೋಡು ಹಾಕುವಂತಿಲ್ಲ.

ಅಣ್ಣಂದಿರೇ, ಕುತ್ತಿಗೆಗೆ ಕುಣಿಕೆ ಬೀಳುವುದು ಅಲ್ಲಿ. ನಂಬಿಕೆ ಇಲ್ಲದವರು ಒಂದು ಲೆಕ್ಕ ಹಾಕಿ ನೋಡಿ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ಆ ಜಾಗದಲ್ಲಿ ನಿಮ್ಮ ಗಾಡಿಯವನ್ನು ಹಾಕಿಕೊಳ್ಳಿ. ಗಂಗಾವತಿಯಿಂದ ಬೆಂಗಳೂರಿಗೆ 10 ಗಾಲಿಯ ಗಾಡಿಯಲ್ಲಿ 20 ಟನ್ ಅಕ್ಕಿ, ಟನ್ನಿಗೆ 1,200 ರೂಪಾಯಿ ಅನ್ನಿ. ಬಾಡಿಗೆ 24 ಸಾವಿರ. ಹೋಗಿಬರಲು 720 ಕಿಲೋಮೀಟರು, ಲೀಟರಿಗೆ 4 ಕಿ.ಮೀ. ಬಿದ್ದರೆ 180 ಲೀಟರ್ ಡೀಸೆಲ್, 90 ರೂಪಾಯಿಯಂತೆ 16,200. ಟೋಲಿಗೆ 3 ಸಾವಿರ, ಕಮಿಷನ್ನಿಗೆ ಸಾವಿರ, ಬತ್ತೆ, ಹಮಾಲಿ, ಚಹಾ ಮತ್ತು ಚೀಟಿಯಲ್ಲಿ ಬರೆಯಲಾಗದ ಖರ್ಚಿಗೆ 1,800. ಉಳಿದದ್ದು 2 ಸಾವಿರ. ತಿಂಗಳಿಗೆ ಹತ್ತು ಟ್ರಿಪ್ಪಾದರೆ 20 ಸಾವಿರ. ಕಂತು 45 ಸಾವಿರ ಇದ್ದರೆ? ಉಳಿದ 25 ಸಾವಿರ ಗವಿಸಿದ್ಧಪ್ಪಜ್ಜನೇ ಕೊಡಬೇಕು!

ಈಗ ಬರುವಾಗ ಬೆಂಗಳೂರಿನಿಂದ 10 ಸಾವಿರದ ಒಂದು ರಿಟರ್ನ್ ಲೋಡು ಸಿಕ್ಕಿತು ಅನ್ನಿ. ಹೆಚ್ಚಿನ ಡೀಸೆಲ್, ಹಮಾಲಿ ಕಳೆದು ಏಳೂವರೆ ಸಾವಿರ ಕೈಯಲ್ಲಿ. ಹತ್ತು ಟ್ರಿಪ್ಪಿಗೆ 75 ಸಾವಿರ. ಕಂತು ಕಟ್ಟಿ 50 ಸಾವಿರ ಉಳಿಯಿತು; ಅದರಲ್ಲಿ ಟೈರು, ಇನ್ಶೂರೆನ್ಸ್, ಎಫ್‌ಸಿ, ತೆರಿಗೆ, ಸಂಬಳ, ಮನೆ. ಹೋಗುವ ಲೋಡು ಗಾಡಿಯನ್ನು ಓಡಿಸುತ್ತದೆ, ಬರುವ ಲೋಡು ಮನೆಯನ್ನು ನಡೆಸುತ್ತದೆ. ಬರುವ ಲೋಡಿನ ಮೇಲೆ ಯಾರ ಕೈ ಇದೆಯೋ ಅವನೇ ಗಾಡಿಯ ಮಾಲೀಕ. ಆರ್‌ಸಿಯಲ್ಲಿ ಯಾರ ಹೆಸರಾದರೂ ಇರಲಿ.

ಹಾಗಂತ ‘ಅಟ್ಯಾಚ್ ಬಿಟ್ಟು ಇವತ್ತೇ ಹೊರಗೆ ಬನ್ನಿ’ ಎಂದು ಭಾಷಣ ಮಾಡುವುದು ಸುಲಭ. ಕಂತು ಕಟ್ಟುವವನು ಭಾಷಣ ಮಾಡಿದವನಲ್ಲವಲ್ಲ! ಸ್ವತಂತ್ರ ಗಾಡಿಯವನ ಪಾಡನ್ನೂ ಬಲ್ಲೆವು. ಭತ್ತದ ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳ ಮುಂದೆ ಗಾಡಿಗೆ ಬೇಡಿಕೆ. ಸುಗ್ಗಿ ಮುಗಿದರೆ ಅದೇ ಗಾಡಿ ಬೇವಿನ ಗಿಡದ ಕೆಳಗೆ ವಾರಗಟ್ಟಲೆ. ಯಲಬುರ್ಗಾದ ಎರೆ ಹೊಲದ ಕಡಲೆ ನಾಲ್ಕು ವಾರದ ಮಾತು. ಕುಷ್ಟಗಿ ಕಡೆಯ ಗ್ರಾನೈಟ್ ಕಲ್ಲು ಎಲ್ಲರ ಗಾಡಿಗೂ ಒಗ್ಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ರೈತನ ಎದೆ ಒಡೆದಷ್ಟೇ ಲಾರಿಯವನ ಎದೆಯೂ ಒಡೆದಿತ್ತು. ಕಾಲುವೆಯಲ್ಲಿ ನೀರಿಲ್ಲದಿದ್ದರೆ ಮಿಲ್ಲಿನಲ್ಲಿ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ಲೋಡಿಲ್ಲ. ಹೊಸದಾಗಿ ಗಾಡಿ ತಂದವನು ಮೊದಲ ವರ್ಷ ಯಾರದಾದರೂ ನೆರಳಿಗೆ ಹೋಗಿ ನಿಂತರೆ ಅದು ಅಪರಾಧವಲ್ಲ. ದಾರಿ ಗೊತ್ತಾಗುತ್ತದೆ, ಗಿರಾಕಿ ಗೊತ್ತಾಗುತ್ತಾರೆ, ಡೀಸೆಲ್ಲಿಗೆ ಮುಂಗಡ ಸಿಗುತ್ತದೆ. ಆದರೆ ನೆರಳಿಗೆ ಹೋದವನು ಅಲ್ಲೇ ಬೇರು ಬಿಟ್ಟರೆ?

ಬೇರು ಬಿಟ್ಟವರ ಗತಿ ನಮ್ಮ ಸೀಮೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಿರಿನ ಕಾಲ ನೆನಪಿಸಿಕೊಳ್ಳಿ. ಹೊಸಪೇಟೆ, ಸಂಡೂರು, ಕೊಪ್ಪಳದಲ್ಲಿ ಹೊಲ ಮಾರಿ ಟಿಪ್ಪರು ಕೊಂಡರು. ಒಂದೇ ಮಾಲು, ಒಂದೇ ಗೇಟು, ಒಂದೇ ದಾರಿ: ಗಣಿಯಿಂದ ಬಂದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಎರಡೇ ದಿನಕ್ಕೆ, 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. ಲೂಟಿ ನಿಂತದ್ದು ಸರಿಯೇ, ನಿಲ್ಲಬೇಕಾಗಿತ್ತು. ಆದರೆ ಲೂಟಿ ಹೊಡೆದ ದೊರೆಗಳಿಗೆ ಜಾಮೀನು ಸಿಕ್ಕಿತು, ಅಧಿಕಾರ ಸಿಕ್ಕಿತು. ಕಂತು ಕಟ್ಟಲಾಗದ ಲಾರಿಯವನಿಗೆ ಏನು ಸಿಕ್ಕಿತು? ಫೈನಾನ್ಸಿನವರ ಗೋದಾಮಿನಲ್ಲಿ ತುಕ್ಕು ಹಿಡಿದ ಗಾಡಿ. ಹೆಚ್ಚಿನ ಗಣಿಗಳು ಮತ್ತೆ ತೆರೆಯಲು ಕೋರ್ಟು ದಾರಿ ಮಾಡಿಕೊಟ್ಟದ್ದು 2013ರ ಏಪ್ರಿಲ್‌ನಲ್ಲಿ. ಅಷ್ಟು ದಿನ ಯಾವ ಕಂತು ಕಾಯುತ್ತದೆ ಸ್ವಾಮೀ?

ಈಗ ಅದಿರಿನ ಜಾಗದಲ್ಲಿ ಕಬ್ಬಿಣ, ಉಕ್ಕು. ಗಿಣಿಗೇರಾ, ಬೇವಿನಹಳ್ಳಿ, ಹಿರೇಬಗನಾಳದ ಸುತ್ತ ಚಿಮಣಿಗಳು. 2025ರ ಫೆಬ್ರವರಿ 24ರಂದು ಇನ್ನೊಂದು ದೊಡ್ಡ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮಿಗಳೇ ಬೀದಿಗಿಳಿದರು. ಧೂಳಿನ ಮಾತು ಅಂದು ಎಲ್ಲರೂ ಆಡಿದರು. ಗೇಟಿನ ಮಾತನ್ನೂ ಆಡಬೇಕು. ಈ ಗೇಟುಗಳ ಒಳಗೆ ಹೊರಗೆ ಹೋಗಿಬರುವ ಗಾಡಿಗಳಲ್ಲಿ ಕೊಪ್ಪಳ ಜಿಲ್ಲೆಯ ಕೆಎ-37 ನಂಬರಿನವು ಎಷ್ಟು? ಅವುಗಳಲ್ಲಿ ನೇರವಾಗಿ ಲೋಡು ಪಡೆಯುವವು ಎಷ್ಟು, ಒಬ್ಬರ ಕೈಕೆಳಗೆ ಒಬ್ಬರು ಎಂದು ಮೂರು ಕೈ ದಾಟಿ ಪಡೆಯುವವು ಎಷ್ಟು? ಗೇಟಿನಲ್ಲಿ ದಿನವೂ ಪುಸ್ತಕ ಬರೆಯುತ್ತಾರಲ್ಲ, ಆ ಲೆಕ್ಕ ಹೊರಗೆ ಹಾಕಲಿ. ಭೂಮಿ ಕೊಟ್ಟದ್ದು, ಧೂಳು ಕುಡಿದದ್ದು ಈ ಜಿಲ್ಲೆ. ಬಾಡಿಗೆ ದುಡಿಯುವ ಪಾಳಿಯಲ್ಲಿ ಈ ಜಿಲ್ಲೆಯವನು ಕೊನೆಗೆ ನಿಲ್ಲಬೇಕೆ?

ಸರ್ಕಾರ ಒಂದು ಕಾನೂನು ತಂದು ಅಂಗಡಿ, ಕಾರ್ಖಾನೆಗಳ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಎಂದಿತು. 2024ರಲ್ಲಿ ಅದಕ್ಕಾಗಿ ಎಷ್ಟು ಗದ್ದಲ ಆಯಿತು! ಒಳ್ಳೆಯದೇ. ಆದರೆ ಫಲಕದ ಕೆಳಗಿನ ಬಾಗಿಲು ದಾಟಿ ಒಳಗೆ ಹೋಗಿ ನೋಡಿ. ಬಿಲ್ಟಿ ಇಂಗ್ಲಿಷು, ಒಪ್ಪಂದ ಇಂಗ್ಲಿಷು, ಸಾಲದ ಕಾಗದ ಇಂಗ್ಲಿಷು, ಗಾಡಿ ಎಳೆದೊಯ್ಯುವ ಮುಂಚಿನ ನೋಟೀಸೂ ಇಂಗ್ಲಿಷು. ಹೊರಗೆ 60 ಭಾಗ, ಒಳಗೆ ಸೊನ್ನೆ. ಫಲಕ ಓದುವುದು ದಾರಿಹೋಕ. ಕಾಗದಕ್ಕೆ ಕುತ್ತಿಗೆ ಕೊಡುವುದು ನಮ್ಮ ಹುಡುಗ.

ತಮಾಷೆ ಏನು ಗೊತ್ತೆ? ಇದು ನಾವು ಬೇಡಿ ಪಡೆಯಬೇಕಾದ ಭಿಕ್ಷೆಯೇ ಅಲ್ಲ. ಫೈನಾನ್ಸ್ ಕಂಪನಿಗಳು ಸಾಲಗಾರನಿಗೆ ಬರೆಯುವುದೆಲ್ಲ ಅವನ ನೆಲದ ಭಾಷೆಯಲ್ಲಿ ಅಥವಾ ಅವನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಗಾಡಿ ವಶಪಡಿಸಿಕೊಳ್ಳುವ ಮುಂಚೆ ಎಷ್ಟು ದಿನದ ನೋಟೀಸು, ಹೇಗೆ ವಶಪಡಿಸಿಕೊಳ್ಳುವುದು, ಮಾರುವ ಮುಂಚೆ ಬಾಕಿ ಕಟ್ಟಲು ಕೊನೆಯ ಅವಕಾಶ, ಇವೆಲ್ಲ ಒಪ್ಪಂದದಲ್ಲೇ ಬರೆದಿರಬೇಕು ಎಂದೂ ಇದೆ. ರಸ್ತೆಯಲ್ಲಿ ಗಾಡಿ ಅಡ್ಡಗಟ್ಟಿ ಬೀಗದ ಕೈ ಕಸಿಯುವ ರೌಡಿಗಳನ್ನು ಇಟ್ಟುಕೊಳ್ಳುವ ಪದ್ಧತಿಗೆ ಸುಪ್ರೀಂ ಕೋರ್ಟು 2007ರಲ್ಲೇ ಛೀಮಾರಿ ಹಾಕಿದೆ. ನಮ್ಮ ರಸ್ತೆಗಳಿಗೆ ಆ ತೀರ್ಪು ಇನ್ನೂ ಬಂದು ಮುಟ್ಟಿಲ್ಲ. ಟೋಲ್ ಕಟ್ಟಲು ದುಡ್ಡಿಲ್ಲದೆ ಎಲ್ಲೋ ನಿಂತಿರಬೇಕು!

ಬ್ರೋಕರುಗಳ ವಿಷಯಕ್ಕೂ ಕಾನೂನಿದೆ. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ ಮಾಲು ಬುಕ್ ಮಾಡುವ ಕಂಪನಿ, ಏಜೆಂಟ್, ಬ್ರೋಕರ್ ಕೂಡ ಸಾಗಣೆದಾರನೇ. ನೋಂದಣಿ ಮಾಡಿಸಬೇಕು, ಮಾಲಿಗೆ ಜವಾಬ್ದಾರನಾಗಬೇಕು. ಬಿಲ್ಟಿ ಬರೆಯುವಾಗ ತಾನೇ ದೊರೆ, ಮಾಲು ನೆಂದಾಗ ‘ನಾನು ಬರೇ ನಡುವಿನಾಂವ’ ಎನ್ನುವ ಆಟ ನಡೆಯಕೂಡದು. ಇನ್ನೊಂದು ಸಣ್ಣ ಮಾತು, ಆದರೆ ದುಡ್ಡಿನ ಮಾತು: 10 ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವನು ಪ್ಯಾನ್ ನಂಬರಿನ ಜೊತೆ ಒಂದು ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ. ಎಷ್ಟು ಆಫೀಸುಗಳಲ್ಲಿ ಇದನ್ನು ನಮ್ಮವರಿಗೆ ಕನ್ನಡದಲ್ಲಿ ಹೇಳುತ್ತಾರೆ? ಈಗ ಆಪ್ ಬಂದಿದೆ, ಬ್ರೋಕರನ ಕಾಲ ಮುಗಿಯಿತು ಎನ್ನುವವರೂ ಇದ್ದಾರೆ. ಮುಗಿದಿಲ್ಲ, ಅವನ ಅಂಗಡಿ ಈಗ ನಮ್ಮ ಜೇಬಿಗೇ ಬಂದು ಕೂತಿದೆ, ಅಷ್ಟೇ.

ಸಂಘಗಳೇನು ಮಾಡುತ್ತಿವೆ ಎಂದು ಕೇಳಬೇಡವೆ? 2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ, ಟೋಲ್ ವಿರೋಧಿಸಿ ರಾಜ್ಯದ ಲಾರಿಗಳು ನಿಂತವು. ನ್ಯಾಯವಾದ ಬೇಡಿಕೆ. ಆದರೆ ರಾಜ್ಯ ಒಕ್ಕೂಟದ ಹೆಸರಿನಲ್ಲೇ ‘ಲಾರಿ ಮಾಲೀಕರು ಮತ್ತು ಏಜೆಂಟರು’ ಇಬ್ಬರೂ ಇದ್ದಾರೆ. ಸರ್ಕಾರದ ಎದುರು ಇಬ್ಬರೂ ಒಂದೇ ಧ್ವನಿ ಎತ್ತಬಹುದು. ಕಮಿಷನ್ ಕಡಿಮೆಯಾಗಲಿ, ಬಾಕಿ ಬಾಡಿಗೆ ಹದಿನೈದು ದಿನಕ್ಕೆ ಬರಲಿ, ಹಾಲ್ಟಿಂಗ್ ಕೊಡಿ ಎಂದು ಕೇಳುವ ದಿನ ಒಂದು ಗಾಡಿಯ ಮಾಲೀಕ ಯಾರ ಮುಖ ನೋಡಬೇಕು? ಒಂದು, ಎರಡು ಗಾಡಿ ಇರುವವರದೇ ಕೂಟ ತಾಲೂಕಿಗೊಂದು ಬೇಕು. ಗಂಗಾವತಿಯ ಹತ್ತು ಗಾಡಿಯವರು ಕೂಡಿ ಒಬ್ಬ ಹುಡುಗನನ್ನು ಬೆಂಗಳೂರಿನಲ್ಲಿ ಕೂರಿಸಿದರೆ ಅವರ ರಿಟರ್ನ್ ಲೋಡು ಅವರದ್ದೇ. ಅವನ ಸಂಬಳ ಹತ್ತು ಗಾಡಿಗೆ ಹಂಚಿಕೊಂಡರೆ ಬ್ರೋಕರನ ಕಮಿಷನ್ನಿಗಿಂತ ಹೆಚ್ಚು ಬೀಳುತ್ತದೋ ಕಡಿಮೆಯೋ, ಒಂದು ತಿಂಗಳು ಬರೆದಿಟ್ಟು ನೋಡಿ.

ಅಟ್ಯಾಚ್ ಮಾಡುವವರು ಮಾಡಿ. ಆದರೆ ಹೊರಗಿನ ರಿಟರ್ನ್ ಲೋಡು ಹಾಕಬಹುದು ಎಂಬ ಸಾಲು, ತಿಂಗಳಿಗೆ ಕೊಡುವ ಟ್ರಿಪ್ಪಿನ ಸಂಖ್ಯೆ, ಗೇಟಿನಲ್ಲಿ ನಿಂತ ದಿನದ ಹಾಲ್ಟಿಂಗ್, ಬಾಕಿ ಕೊಡುವ ತಾರೀಖು ಕನ್ನಡದಲ್ಲಿ ಬರೆಯದ ಕಾಗದಕ್ಕೆ ಸಹಿ ಹಾಕಬೇಡಿ. ಸಾಲ ಇರುವವರು ಒಪ್ಪಂದದ ಕನ್ನಡ ಪ್ರತಿ ಕೊಡಿ ಎಂದು ಫೈನಾನ್ಸಿನವರಿಗೆ ಇವತ್ತೇ ಅರ್ಜಿ ಬರೆಯಿರಿ, ಸ್ವೀಕೃತಿಯ ಮುದ್ರೆ ಒತ್ತಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಆ ಅರ್ಜಿಯ ನಕಲಿನ ಜೊತೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕಳಿಸಿ. 2021ರಲ್ಲಿ ಆ ವ್ಯವಸ್ಥೆ ತಂದಾಗ, ಅಂಚೆಯಲ್ಲಿ ಬರುವ ದೂರನ್ನು ಯಾವ ಭಾಷೆಯಲ್ಲಿದ್ದರೂ ತೆಗೆದುಕೊಳ್ಳುವುದಾಗಿ ಹೇಳಿ ಚಂಡೀಗಢದಲ್ಲಿ ಕೇಂದ್ರ ತೆರೆದಿದ್ದಾರೆ. ಕೊಪ್ಪಳ ಜಿಲ್ಲೆಯಿಂದ ಕನ್ನಡದ ಸಾವಿರ ಲಕೋಟೆ ಅಲ್ಲಿಗೆ ಹೋಗಲಿ.