ಫೇಲ್ ಮಾಡಿದವರು ಲೆಕ್ಕ ಕೊಡಲಿ

ನರ್ಸಿಂಗ್ ಓದಲು ಸೇರಿದ ಮೊದಲ ವರ್ಷದಲ್ಲೇ ನಮ್ಮ ತಲೆಗೆ ಒಂದು ಮಾತನ್ನು ಬಡಿದು ಕೂರಿಸುತ್ತಾರೆ: ಬರೆಯದೇ ಇದ್ದದ್ದು ಮಾಡಿಯೇ ಇಲ್ಲ. ನಡುರಾತ್ರಿ ಇಂಜೆಕ್ಷನ್ ಕೊಟ್ಟಿರಬಹುದು, ಬಿ.ಪಿ. ನೋಡಿರಬಹುದು, ಎಚ್ಚರವಿಲ್ಲದ ರೋಗಿಯನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು ಒರೆಸಿರಬಹುದು. ಕೇಸ್‌ಶೀಟಿನಲ್ಲಿ ಹೊತ್ತು, ಡೋಸು, ಕೊಟ್ಟ ದಾರಿ, ಸಹಿ ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಸರಿಯಾದ ನಿಯಮ. ಇದರಿಂದ ಜೀವಗಳು ಉಳಿದಿವೆ. ಆದರೆ ಈ ನಿಯಮ ಕಲಿಸುವವರೇ ಒಬ್ಬ ವಿದ್ಯಾರ್ಥಿನಿಯನ್ನು ಪ್ರಾಕ್ಟಿಕಲ್‌ನಲ್ಲಿ ಫೇಲ್ ಮಾಡಿದಾಗ, ಯಾಕೆ ಎಂದು ಅವಳಿಗೆ ಒಂದು ಸಾಲು ಬರೆದು ಕೊಡುವುದಿಲ್ಲ. ಅವರದೇ ಅಳತೆಗೋಲಿನಿಂದ ಅಳೆದರೆ ಆ ಪರೀಕ್ಷೆ ನಡೆದೇ ಇಲ್ಲ.

ನಾನು ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್. ನಮ್ಮ ವಾರ್ಡಿಗೆ ಹಲವು ಕಾಲೇಜುಗಳ ಮಕ್ಕಳು ಕ್ಲಿನಿಕಲ್ ಪೋಸ್ಟಿಂಗಿಗೆ ಬರುತ್ತಾರೆ. ಅವರಲ್ಲೊಬ್ಬಳು ರಾಯಚೂರು ಕಡೆಯ ಹಳ್ಳಿಯವಳು. ಅಪ್ಪ ಅಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗುವವರು. ಕ್ಯಾಥೆಟರ್ ಹಾಕುವಾಗ, ಡ್ರೆಸ್ಸಿಂಗ್ ಮಾಡುವಾಗ ಅವಳ ಕೈ ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಎಂಬುದನ್ನು ಮರೆತದ್ದನ್ನು ನಾನು ಕಂಡಿಲ್ಲ. ಸುಟ್ಟಗಾಯದ ಹೆಂಗಸರು ಅವಳೇ ಬರಲಿ ಎಂದು ಕಾಯುತ್ತಿದ್ದರು. ಆ ಹುಡುಗಿ ಪ್ರಾಕ್ಟಿಕಲ್‌ನಲ್ಲಿ ಫೇಲ್. ಥಿಯರಿಯಲ್ಲಿ ಪಾಸು. ಮಾರ್ಕ್ಸ್ ಕಾರ್ಡ್ ಹಿಡಿದು ನನ್ನ ಮುಂದೆ ನಿಂತಾಗ ಅವಳು ಅಳಲಿಲ್ಲ. "ಫೇಲ್ ಮಾಡ್ಲಿ ಅಕ್ಕಾ, ಆದ್ರ ಎಲ್ಲಿ ತಪ್ಪಾಗೇತಿ ಅಂತ ಹೇಳ್ಬೇಕಿಲ್ಲ?" ಎಂದಳು.

ಇದೇ ಪ್ರಶ್ನೆಯನ್ನು ಕಾಲೇಜಿನಲ್ಲಿ ಕೇಳಿದ್ದಕ್ಕೆ ಅವಳಿಗೆ ಸಿಕ್ಕ ಉತ್ತರ: ಎದುರು ಮಾತಾಡುವುದನ್ನು ಮೊದಲು ಬಿಡು, ಇನ್ನೂ ಮೂರು ಸೆಮಿಸ್ಟರ್ ನಮ್ಮ ಕೈಯಲ್ಲೇ ಇದ್ದೀಯ.

ಈ 'ನಮ್ಮ ಕೈಯಲ್ಲಿ' ಎಂಬುದು ಬರಿಯ ಬೆದರಿಕೆಯಲ್ಲ, ಅದಕ್ಕೆ ಗಣಿತವಿದೆ. ಬಿ.ಎಸ್ಸಿ. ನರ್ಸಿಂಗ್‌ಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸೆಮಿಸ್ಟರ್ ಪದ್ಧತಿ ತಂದ 2021ರ ನಿಯಮಾವಳಿ ನೋಡಿ. ಥಿಯರಿಯ 100ರಲ್ಲಿ 25 ಇಂಟರ್ನಲ್, 75 ಪರೀಕ್ಷೆಗೆ. ಪ್ರಾಕ್ಟಿಕಲ್‌ಗೆ ಬಂದರೆ ಇಂಟರ್ನಲ್ 50, ಪರೀಕ್ಷೆ 50. ಪಾಸಾಗಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆಬೇರೆಯಾಗಿ ಶೇಕಡಾ 50 ಬೇಕು. ಕಾಲೇಜು ಒಳಗಿನ 50ರಲ್ಲಿ 12 ಕೊಟ್ಟು ಕಳಿಸಿತೆಂದರೆ ಹುಡುಗಿ ಪರೀಕ್ಷೆಯ ದಿನ 50ಕ್ಕೆ 38 ತೆಗೆಯಬೇಕು. ಆ ದಿನ ಅಂಕ ಕೊಡುವವರು ಇಬ್ಬರು, ಒಬ್ಬರು ಹೊರಗಿನವರು, ಇನ್ನೊಬ್ಬರು ಕಾಲೇಜಿನೊಳಗಿನವರೇ. ಅಂದರೆ ಅರ್ಧ ಅಂಕ ಪೂರ್ತಿಯಾಗಿ ಒಂದೇ ಮನೆಯವರ ಕೈಯಲ್ಲಿ, ಉಳಿದರ್ಧದಲ್ಲೂ ಅವರದೊಂದು ಕೈ. ಥಿಯರಿಯಲ್ಲಾದರೂ ಉತ್ತರ ಪತ್ರಿಕೆ ಎಂಬ ಕಾಗದವಿದೆ. ರೋಗಿಯ ಮಂಚದ ಪಕ್ಕ ನಿಂತು ಕೇಳಿದ ವೈವಾಕ್ಕೆ ಯಾವ ಕಾಗದವಿದೆ? ಏನು ಕೇಳಿದರು, ಅವಳೇನು ಹೇಳಿದಳು, ಯಾವ ಹಂತದಲ್ಲಿ ಕೈ ತಪ್ಪಿತು ಎಂಬುದು ಆ ಮೂವರ ನೆನಪಿನಲ್ಲಷ್ಟೇ ಉಳಿಯುತ್ತದೆ. ಆ ಮೂವರಲ್ಲಿ ಇಬ್ಬರ ಮಾತಿಗೆ ಬೆಲೆಯಿದೆ.

ಇಂಟರ್ನಲ್ ಅಂಕ ಯಾವುದಕ್ಕೆಲ್ಲ ಆಯುಧವಾಗುತ್ತದೆ ಎಂದು ನರ್ಸಿಂಗ್ ಹಾಸ್ಟೆಲಿನಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಫೀಸಿನ ಕಂತು ತಡವಾಯಿತೇ, ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುವುದಿಲ್ಲ. ಅಜ್ಜಿ ತೀರಿಕೊಂಡಳೆಂದು ಗೇಟ್ ಪಾಸ್ ಇಲ್ಲದೆ ಊರಿಗೆ ಓಡಿದಳೇ, ಕೇಸ್ ಸ್ಟಡಿ ವಾಪಸ್ಸು ಬರುತ್ತದೆ. ನೀರು ಬರುತ್ತಿಲ್ಲವೆಂದು ಪ್ರಿನ್ಸಿಪಾಲ್ ಮೇಡಂ ಹತ್ತಿರ ಮುಂದಾಗಿ ಹೋದವಳ ಹೆಸರು ನೆನಪಿನಲ್ಲಿ ಉಳಿಯುತ್ತದೆ, ಅಂಕದಲ್ಲಿ ಕಾಣುತ್ತದೆ. ಒಳ್ಳೆಯ ಟೀಚರುಗಳು ಇಲ್ಲವೆಂದಲ್ಲ. ನನ್ನ ಕೈಗೆ ಸಿರಿಂಜ್ ಕೊಟ್ಟು ನಡುಕ ಬಿಡಿಸಿದ ಮೇಡಂ ಒಬ್ಬರನ್ನು ಇಂದಿಗೂ ನೆನೆಯುತ್ತೇನೆ. ಆದರೆ ಒಳ್ಳೆಯವರು ಸಿಕ್ಕರೆ ನ್ಯಾಯ, ಸಿಗದಿದ್ದರೆ ಹಣೆಬರಹ ಎನ್ನುವುದಾದರೆ ನಿಯಮಾವಳಿ ಯಾತಕ್ಕೆ?

ಭಾಷೆಯ ಮಾತು ಇಲ್ಲಿ ಆಡಲೇಬೇಕು. ನರ್ಸಿಂಗ್ ಬೋಧನೆಯ ಮಾಧ್ಯಮ ಇಂಗ್ಲಿಷ್. ಇರಲಿ, ಔಷಧಿಯ ಹೆಸರು, ಡಾಕ್ಟರ ಆರ್ಡರ್ ಎಲ್ಲ ಇಂಗ್ಲಿಷಿನಲ್ಲೇ ಇರುವಾಗ ಅದನ್ನು ಕಲಿಯಲೇಬೇಕು. ಆದರೆ ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗಿ ವೈವಾದಲ್ಲಿ ತಡವರಿಸಿದಾಗ ನೀವು ಅಳೆಯುತ್ತಿರುವುದು ಏನನ್ನು? ಬೆನ್ನಹುಣ್ಣು ಬಾರದಂತೆ ನೋಡಿಕೊಳ್ಳುವುದು ಅವಳಿಗೆ ಗೊತ್ತೇ ಎಂಬುದನ್ನೋ, ಅದನ್ನು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಒಪ್ಪಿಸಬಲ್ಲಳೇ ಎಂಬುದನ್ನೋ? ನಮ್ಮ ವಾರ್ಡಿನ ರೋಗಿ "ಯವ್ವಾ, ಎದಿ ಹಿಡದಂಗಾಗೇತಿ" ಎಂದಾಗ ತಟ್ಟನೆ ಎದ್ದು ಓಡುವವಳು ಈ ಹುಡುಗಿ. ಆ ತಿಳಿವಳಿಕೆಗೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ. ಕೂಲಿಕಾರರ ಮಕ್ಕಳು, ದಲಿತರ ಮಕ್ಕಳು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಇಲ್ಲೇ ಜಾರಿ ಬೀಳುತ್ತಾರೆ. ಹಾಗೆ ಬಿದ್ದವರನ್ನು ದಡ್ಡರು ಎಂದು ಕರೆಯುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ಮಾತಿನ ಕೆಳಗೆ ಜಾತಿ ಮಲಗಿದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಕೋರ್ಟಿಗೆ ಹೋಗಲಿ ಎನ್ನುತ್ತಾರೆ. ಕೋರ್ಟಿನ ದಾರಿ ಹೇಗಿದೆ, ನೋಡೋಣ. 1984ರಲ್ಲಿ ಮಹಾರಾಷ್ಟ್ರದ ಬೋರ್ಡ್ ಪರೀಕ್ಷೆಯ ಮಕ್ಕಳು ಉತ್ತರ ಪತ್ರಿಕೆ ತೋರಿಸಿ, ಮರುಮೌಲ್ಯಮಾಪನ ಮಾಡಿ ಎಂದು ಕೇಳಿದಾಗ ಸುಪ್ರೀಂ ಕೋರ್ಟ್ ಆ ಹಕ್ಕಿಲ್ಲ ಎಂದಿತು. ಉತ್ತರ ಪತ್ರಿಕೆಯನ್ನು ಕಣ್ಣಿನಿಂದ ನೋಡುವ ಹಕ್ಕು ಗಟ್ಟಿಯಾಗಲು 2011ರ ಆಗಸ್ಟ್ ಬರಬೇಕಾಯಿತು. ಆದಿತ್ಯ ಬಂಡೋಪಾಧ್ಯಾಯ ಎಂಬ ವಿದ್ಯಾರ್ಥಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಮೌಲ್ಯಮಾಪನವಾದ ಉತ್ತರ ಪತ್ರಿಕೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 'ಮಾಹಿತಿ'ಯೇ, ಬರೆದವರು ಕೇಳಿದರೆ ತೋರಿಸಬೇಕು, ಪ್ರತಿ ಕೊಡಬೇಕು ಎಂದು ತೀರ್ಪಿತ್ತಿತು. ಮೌಲ್ಯಮಾಪಕರ ಹೆಸರು ಮಾತ್ರ ಹೇಳಬೇಕಿಲ್ಲ. ದೊಡ್ಡ ಗೆಲುವು. ಆದರೆ ಪತ್ರಿಕೆ ನೋಡಿ ಅನ್ಯಾಯ ಕಂಡರೆ ಮುಂದೇನು? ಉತ್ತರ ಪ್ರದೇಶದ ಶಿಕ್ಷಕರ ನೇಮಕಾತಿ ಪರೀಕ್ಷೆಯ ಪ್ರಕರಣದಲ್ಲಿ, 2017ರ ಡಿಸೆಂಬರಿನಲ್ಲಿ, ಅದೇ ನ್ಯಾಯಾಲಯ ಹೇಳಿತು: ನಿಯಮದಲ್ಲಿ ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲದಿದ್ದರೆ ಕೋರ್ಟು ತೀರಾ ಅಪರೂಪಕ್ಕೆ, ತಪ್ಪು ಮೇಲ್ನೋಟಕ್ಕೇ ಎದ್ದು ಕಂಡರೆ ಮಾತ್ರ ಕೈ ಹಾಕಬಹುದು, ಅನುಕಂಪಕ್ಕೆ ಇಲ್ಲಿ ಜಾಗವಿಲ್ಲ, ಅನುಮಾನವಿದ್ದರೆ ಅದರ ಲಾಭ ಪರೀಕ್ಷೆ ನಡೆಸುವ ಸಂಸ್ಥೆಗೆ, ಅಭ್ಯರ್ಥಿಗಲ್ಲ.

ಓದಿದಾಗಿನಿಂದ ಈ ಮಾತು ನನ್ನನ್ನು ಸುಡುತ್ತಿದೆ. ಕೊಲೆಯ ಆರೋಪ ಹೊತ್ತವನಿಗೆ ಸಂಶಯದ ಲಾಭ ಸಿಗುತ್ತದೆ. ನರ್ಸಿಂಗ್ ಓದುವ ಹುಡುಗಿಗೆ ಸಿಗುವುದಿಲ್ಲ. ಲಕ್ಷಾಂತರ ಪತ್ರಿಕೆಗಳನ್ನು ಮತ್ತೆ ಮತ್ತೆ ತಿದ್ದುತ್ತ ಕೂತರೆ ಫಲಿತಾಂಶಕ್ಕೆ ಕೊನೆಯೇ ಇರುವುದಿಲ್ಲ ಎಂಬ ನ್ಯಾಯಾಧೀಶರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಪ್ರಾಕ್ಟಿಕಲ್ ಪರೀಕ್ಷೆ ಲಕ್ಷಾಂತರ ಜನರ ಸಂತೆಯಲ್ಲ. ದಿನಕ್ಕೆ 20 ವಿದ್ಯಾರ್ಥಿಗಳನ್ನು ಮೀರಬಾರದು ಎಂದು ಕೌನ್ಸಿಲ್ಲಿನ ನಿಯಮವೇ ಹೇಳುತ್ತದೆ. 20 ಮಂದಿಗೆ ತಲಾ ಒಂದು ಹಾಳೆ ಬರೆದು ಕೊಡಲಾಗದ ಪರೀಕ್ಷಕರು ಒಬ್ಬಳ ಬದುಕಿನ ಆರು ತಿಂಗಳನ್ನು ಕಿತ್ತುಕೊಳ್ಳುವ ಅಧಿಕಾರವನ್ನು ಎಲ್ಲಿಂದ ತಂದರು? ಆರು ತಿಂಗಳೆಂದರೆ ಮತ್ತೆ ಪರೀಕ್ಷಾ ಶುಲ್ಕ, ಮತ್ತೆ ಹಾಸ್ಟೆಲ್, ಊರಲ್ಲಿ ಮತ್ತೊಂದು ಕೈಸಾಲ. ಎಷ್ಟೋ ಮನೆಗಳಲ್ಲಿ ಅದು ಓದು ಬಿಡಿಸಿ ಮದುವೆ ಮಾಡಲು ಸಿಕ್ಕ ನೆಪ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ನಾನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ. ಕೆಲಸ ಬಾರದ ನರ್ಸು ರೋಗಿಯನ್ನು ಕೊಲ್ಲುತ್ತಾಳೆ. ಪೊಟ್ಯಾಸಿಯಂ ಕ್ಲೋರೈಡ್ ಅನ್ನು ದ್ರಾವಣದಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಅದನ್ನು ತಿಳಿಯದವಳನ್ನು ವಾರ್ಡಿಗೆ ಬಿಡಬಾರದು, ನನ್ನ ಮಗಳಾದರೂ ಫೇಲ್ ಮಾಡಿ ಎನ್ನುತ್ತೇನೆ. ಆದರೆ ಫೇಲ್ ಮಾಡಿ ಸುಮ್ಮನಾದರೆ ರೋಗಿ ಹೇಗೆ ಉಳಿದ? ತನ್ನ ತಪ್ಪು ಯಾವುದೆಂದೇ ತಿಳಿಯದ ಹುಡುಗಿ ಮುಂದಿನ ಸಲ ಅದೇ ತಪ್ಪಿನೊಂದಿಗೆ, ದಯೆಯ ಪರೀಕ್ಷಕರು ಸಿಕ್ಕಿದ್ದರಿಂದ ಪಾಸಾಗಿ, ನಿಮ್ಮ ಹಾಸಿಗೆಯ ಪಕ್ಕ ನಿಲ್ಲುತ್ತಾಳೆ. ಕಾರಣ ಬರೆಯದ ಪರೀಕ್ಷೆ ವಿದ್ಯಾರ್ಥಿಗಷ್ಟೇ ಅಲ್ಲ, ರೋಗಿಗೂ ಮಾಡಿದ ದ್ರೋಹ.

ಪ್ರತಿ ವರ್ಷ ಮೇ 12ರಂದು ದೀಪ ಹಚ್ಚಿ, ಫ್ಲಾರೆನ್ಸ್ ನೈಟಿಂಗೇಲ್ ಪಟಕ್ಕೆ ಹಾರ ಹಾಕಿ, ನಮ್ಮನ್ನು ಸಹನೆಯ ಮೂರ್ತಿಗಳೆಂದು ಹೊಗಳುತ್ತಾರೆ. ಆಕೆ ಬರೀ ದೀಪ ಹಿಡಿದು ತಿರುಗಿದವಳಲ್ಲ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರೆಂದು ಲೆಕ್ಕ ತೆಗೆದು, ಚಿತ್ರ ಬರೆದು, 1858ರಲ್ಲಿ ಬ್ರಿಟಿಷ್ ಸರ್ಕಾರದ ಮುಂದೆ ಹಿಡಿದವಳು. ದೊಡ್ಡ ಅಧಿಕಾರಿಗಳನ್ನು ಅಂಕಿಗಳ ಲೆಕ್ಕ ಕೇಳಿದವಳು. ಅವಳ ಹೆಸರಿನಲ್ಲಿ ಪ್ರತಿಜ್ಞೆ ತೆಗೆದುಕೊಂಡ ಹುಡುಗಿ ತನ್ನ ಅಂಕದ ಲೆಕ್ಕ ಕೇಳಿದರೆ ಅದು ಉದ್ಧಟತನ ಹೇಗಾಗುತ್ತದೆ?

ಬೇಕಾಗಿರುವುದು ದೊಡ್ಡ ಕ್ರಾಂತಿಯೇನಲ್ಲ. ನಿಲ್ದಾಣಗಳಂತೆ ಟೇಬಲ್ ಇಟ್ಟು, ಚೆಕ್‌ಲಿಸ್ಟ್ ಹಿಡಿದು ಹಂತಹಂತವಾಗಿ ಅಂಕ ಕೊಡುವ 'ಓಎಸ್‌ಸಿಇ' ಪದ್ಧತಿ ಹೊಸ ಪಠ್ಯಕ್ರಮದಲ್ಲೇ ಇದೆ. ಆ ಚೆಕ್‌ಲಿಸ್ಟಿನ ಒಂದು ಪ್ರತಿಯನ್ನು, ಇಬ್ಬರು ಪರೀಕ್ಷಕರೂ ಸಹಿ ಹಾಕಿ, ಅಂದೇ ವಿದ್ಯಾರ್ಥಿಯ ಕೈಗೆ ಕೊಡಲಿ. ಇಂಟರ್ನಲ್ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಮುನ್ನ ನೋಟಿಸ್ ಬೋರ್ಡಿಗೆ ಹಾಕಲಿ, ಆಕ್ಷೇಪಕ್ಕೆ ಒಂದು ವಾರ ಕೊಡಲಿ. ಫೇಲಾದವಳು ಕೇಳಿದರೆ ಬೇರೆ ಕಾಲೇಜಿನ ಇಬ್ಬರು ಪರೀಕ್ಷಕರ ಮುಂದೆ ಮತ್ತೊಮ್ಮೆ ಪ್ರಾಕ್ಟಿಕಲ್ ನಡೆಯಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಬಜೆಟ್ಟೂ ಬೇಕಿಲ್ಲ.

ಅದು ಬರುವವರೆಗೆ, ಓದುತ್ತಿರುವ ಹುಡುಗಿಯರೇ, ಹುಡುಗರೇ, ಇರುವುದನ್ನು ಬಿಡಬೇಡಿ. ಉತ್ತರ ಪತ್ರಿಕೆಯ ಪ್ರತಿ ಕೇಳಿ. ತಡ ಮಾಡಬೇಡಿ, ಪತ್ರಿಕೆಗಳನ್ನು ಇಟ್ಟುಕೊಳ್ಳುವ ಅವಧಿ ಮುಗಿದರೆ ನಾಶ ಮಾಡುತ್ತಾರೆ, ಹಕ್ಕೂ ಅದರೊಂದಿಗೆ ಹೋಗುತ್ತದೆ. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಅರ್ಜಿ 150 ಪದ ಮೀರದಿರಲಿ, ಒಂದೇ ವಿಷಯದ ಮೇಲಿರಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಯುಜಿಸಿಯ 2023ರ ನಿಯಮಾವಳಿಯಲ್ಲಿ, ಮೌಲ್ಯಮಾಪನದಲ್ಲಿ ಪಾರದರ್ಶಕತೆ ಇಲ್ಲದಿರುವುದು ದೂರು ಕೊಡಬಹುದಾದ ವಿಷಯವೆಂದೇ ಬರೆದಿದೆ. ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿಗೆ ಬರೆಯಿರಿ, ಅಲ್ಲಿ ಆಗದಿದ್ದರೆ ಓಂಬುಡ್ಸ್‌ಪರ್ಸನ್ ಬಳಿ ಹೋಗಿ. ಆ ಸಮಿತಿಯಲ್ಲಿ ಕನಿಷ್ಠ ಒಬ್ಬ ಮಹಿಳೆ, ಪರಿಶಿಷ್ಟ ಅಥವಾ ಹಿಂದುಳಿದ ವರ್ಗದ ಒಬ್ಬರು ಇರಬೇಕು. ಇದ್ದಾರೆಯೇ ಎಂದೂ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಹೋದವರನ್ನು ಗುರುತು ಹಾಕಿಕೊಳ್ಳುತ್ತಾರೆ. ಇಡೀ ಬ್ಯಾಚ್ ಸಹಿ ಹಾಕಿ ಕೊಡಿ. ಕೊಟ್ಟ ಅರ್ಜಿಗೆ ಸೀಲು, ತಾರೀಖು ಹಾಕಿಸಿಕೊಂಡು ಪ್ರತಿಯನ್ನು ಮನೆಯಲ್ಲಿಡಿ.

ರಾಯಚೂರಿನ ಹುಡುಗಿ ಅರ್ಜಿ ಬರೆದಿದ್ದಾಳೆ. ಅವಳ ತರಗತಿಯವರಲ್ಲಿ ಕೆಲವರು ಜೊತೆಗೆ ಸಹಿ ಹಾಕಿದ್ದಾರೆ, ಕೆಲವರು ಹೆದರಿ ಹಿಂದೆ ಸರಿದಿದ್ದಾರೆ. ಹಿಂದೆ ಸರಿದವರಿಗೆ ನನ್ನ ಬೇಡಿಕೆ ಇಷ್ಟೇ: ನೀವೂ ಬಂದು ಸಹಿ ಹಾಕಿ.