ಕೇಶವು ಲಾಂಛನವಲ್ಲ: ನೀಳಗೂದಲ ತರುಣರ ಕುರಿತು ಬಂದ ಪತ್ರಕ್ಕೆ ಉತ್ತರ



ಈ ವಾರ ವಚನವೊಂದರ ವ್ಯಾಖ್ಯಾನವನ್ನು ಬರೆಯಬೇಕಾಗಿತ್ತು. ಅದನ್ನು ಬದಿಗಿರಿಸಿ ಪತ್ರವೊಂದಕ್ಕೆ ಉತ್ತರಿಸುತ್ತಿದ್ದೇನೆ. ಜಗಳೂರು ಸೀಮೆಯ ಗ್ರಾಮವೊಂದರಿಂದ ಹನ್ನೊಂದು ಮಂದಿ ಹಿರಿಯ ಸದ್ಭಕ್ತರು ಸಹಿ ಮಾಡಿ ಮಠಕ್ಕೆ ಬರೆದಿರುವ ಪತ್ರವದು. ಅಮಾವಾಸ್ಯೆಯ ಶಿವಾನುಭವ ಗೋಷ್ಠಿಗೆ ಬರುವ ಕೆಲವು ತರುಣರು ಹೆಂಗಸರಂತೆ ಕೂದಲು ಬಿಟ್ಟಿದ್ದಾರೆ. ಇದು ಶರಣ ಸಂಸ್ಕೃತಿಗೆ ಅಪಚಾರ, ಸಿನಿಮಾದವರ ಅನುಕರಣೆ. ಇಂಥವರನ್ನು ದಾಸೋಹದಲ್ಲಿ ಬಡಿಸಲು ಬಿಡಬಾರದು, ಸಾಮೂಹಿಕ ಇಷ್ಟಲಿಂಗ ಪೂಜೆಯಲ್ಲಿ ಕೂರಿಸಬಾರದು, ಕ್ಷೌರ ಮಾಡಿಸಿಕೊಂಡು ಬಂದ ಮೇಲೆಯೇ ಬಾಗಿಲೊಳಗೆ ಬಿಡಬೇಕು ಎಂಬುದು ಅದರ ಸಾರ.

ಪತ್ರವನ್ನು ಪೂಜ್ಯರ ಸನ್ನಿಧಿಯಲ್ಲಿ ಓದಿದೆನು. ಪೂರ್ತಿ ಕೇಳಿದ ಅವರು, “ಉತ್ತರ ನೀನೇ ಬರೆ. ಬಾಗಿಲಲ್ಲಿ ನಿಂತಿದ್ದವನು ನೀನೇ ಅಲ್ಲವೇ?” ಎಂದರು. ಆ ಮಾತು ನನಗೆ ಏಕೆ ನಾಟಿತೆಂಬುದು ಮುಂದೆ ತಿಳಿಯುತ್ತದೆ.

ಪತ್ರದಲ್ಲಿ ನ್ಯಾಯವಾದ ಮಾತೊಂದಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಪ್ರಸಾದದಲ್ಲಿ ಕೂದಲು ಬೀಳಬಾರದು. ಆದ್ದರಿಂದ ಬಡಿಸುವವರು ತಲೆಗೆ ವಸ್ತ್ರ ಕಟ್ಟಿಕೊಳ್ಳಲಿ. ಆದರೆ ಈ ನಿಯಮ ನೀಳಗೂದಲ ತರುಣನಿಗೆಷ್ಟೋ ನಮ್ಮ ತಾಯಂದಿರಿಗೂ ಅಷ್ಟೇ, ಅರ್ಧ ನರೆತ ಕ್ರಾಪಿನ ಹಿರಿಯರಿಗೂ ಅಷ್ಟೇ. ಅನ್ನದ ಶುಚಿತ್ವದ ಮಾತು ಇಲ್ಲಿಗೆ ಮುಗಿಯಿತು. ಉಳಿದದ್ದು ಧರ್ಮದ ಮಾತು. ಅಲ್ಲಿ ನನ್ನ ತಕರಾರಿದೆ.

ಲಿಂಗಾಯತನಿಗೆ ಲಾಂಛನ ಯಾವುದು? ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂದು ಅಷ್ಟಾವರಣಗಳನ್ನು ಎಷ್ಟು ಬಾರಿ ಎಣಿಸಿದರೂ ಅಲ್ಲಿ ಕೇಶದ ಹೆಸರು ಬರುವುದಿಲ್ಲ. ಬೆಳೆಸಿದ್ದಕ್ಕೆ ಪುಣ್ಯವಿಲ್ಲ, ಕತ್ತರಿಸಿದ್ದಕ್ಕೆ ಪಾಪವಿಲ್ಲ. ಇದರ ತಿರುವುಮುರುವೂ ನಿಜ. ಕರ್ಮದ ಗುರುತೆಂದು ಜನಿವಾರವನ್ನೇ ಕಳಚಿ ಎಸೆದ ಬಸವಣ್ಣನವರ ಕಥೆಯನ್ನು ಹರಿಹರನ ರಗಳೆಯಲ್ಲಿ ಓದಿ ತಲೆದೂಗುವ ನಾವು, ಕತ್ತರಿಯ ಅಳತೆಯೊಂದನ್ನು ಹೊಸ ಜನಿವಾರವನ್ನಾಗಿ ಮಾಡಿಕೊಳ್ಳಬೇಕೆ? ಜಡೆ ಕಟ್ಟಿ ತಪಸ್ವಿಯೆನಿಸಿಕೊಂಡವರನ್ನೂ, ತಲೆ ಬೋಳಿಸಿ ವಿರಕ್ತರೆನಿಸಿಕೊಂಡವರನ್ನೂ ವಚನಕಾರರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದಾರೆ. ಅವರು ಕೇಳಿದ್ದು ತಲೆಯ ಮೇಲಿನ ಸ್ಥಿತಿಯನ್ನಲ್ಲ, ಒಳಗಿನ ಸ್ಥಿತಿಯನ್ನು.

‘ಹೆಂಗಸರಂತೆ’ ಎಂಬ ಪದಕ್ಕೆ ಬರುತ್ತೇನೆ. ಪತ್ರದಲ್ಲಿ ಅದು ನಾಲ್ಕು ಕಡೆ ಇದೆ. ಮುದನೂರಿನ ಜೇಡರ ದಾಸಿಮಯ್ಯನವರು ಹೆಣ್ಣು ಗಂಡುಗಳ ವಿಷಯದಲ್ಲಿ ಹೇಳಿದ ವಚನ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಶರೀರದ ಗುರುತುಗಳನ್ನು ಕಂಡು ಲೋಕ ಹೆಸರಿಡುತ್ತದೆ, ಆ ಗುರುತುಗಳಲ್ಲಿ ತಲೆಗೂದಲೂ ಒಂದು, ಒಳಗಿರುವ ಆತ್ಮಕ್ಕೆ ಆ ಹೆಸರು ತಗಲುವುದಿಲ್ಲ ಎಂಬುದು ಅದರ ತಾತ್ಪರ್ಯ. ಭಾಷಣಗಳಲ್ಲಿ ಈ ವಚನಕ್ಕೆ ಚಪ್ಪಾಳೆ ಬೀಳುತ್ತದೆ. ಎದುರಿಗೆ ನೀಳಗೂದಲ ಗಂಡುಹುಡುಗನೊಬ್ಬ ಬಂದು ಕುಳಿತೊಡನೆ ವಚನ ಮರೆತುಹೋಗುತ್ತದೆ! ಅಷ್ಟಕ್ಕೂ ‘ಹೆಂಗಸಿನಂತೆ’ ಎಂಬುದು ಬೈಗುಳವಾದದ್ದು ಎಂದಿನಿಂದ? ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಇವರ ಪರಂಪರೆಯವರೆಂದು ಹೇಳಿಕೊಳ್ಳುವವರ ಬಾಯಲ್ಲಿ ಆ ಬೈಗುಳ ಹೇಗೆ ಬಂದೀತು?

ಶೂನ್ಯಸಂಪಾದನೆಯಲ್ಲಿ ಅಕ್ಕನವರು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ನೆನೆಯಿರಿ. ಉಡುಗೆಯನ್ನು ತೊರೆದ ಮೇಲೂ ಕೇಶದಿಂದ ಮೈ ಮರೆಸಿಕೊಂಡದ್ದೇಕೆಂದು ಅಲ್ಲಮಪ್ರಭುಗಳು ಕಟುವಾಗಿಯೇ ಪ್ರಶ್ನಿಸುತ್ತಾರೆ. ನೋಡುವವರಿಗೆ ನೋವಾಗದಿರಲೆಂದು ಹಾಗೆ ಮಾಡಿದೆನೆಂಬ ಭಾವದಲ್ಲಿ ಅಕ್ಕ ಉತ್ತರಿಸುತ್ತಾರೆ. ಕನ್ನಡ ಸಾಹಿತ್ಯದಲ್ಲಿ ಕೂದಲನ್ನು ಕುರಿತು ನಡೆದ ಇದಕ್ಕಿಂತ ದೊಡ್ಡ ಚರ್ಚೆಯನ್ನು ನಾನು ಓದಿಲ್ಲ. ಅಲ್ಲಿ ವಿಚಾರಣೆಗೆ ಬಂದದ್ದು ಕೂದಲಿನ ಉದ್ದವಲ್ಲ, ದೇಹಭಾವ ಉಳಿದಿದೆಯೇ ಎಂಬುದು. ‘ಮುಡಿ ಕಟ್ಟಿಕೊಂಡು ಬಾ, ಆಮೇಲೆ ಮಾತು’ ಎಂದು ಅನುಭವ ಮಂಟಪದ ಬಾಗಿಲಲ್ಲಿ ಯಾರೂ ಹೇಳಲಿಲ್ಲ. ಪ್ರಭುಗಳ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಹೊನ್ನಾಳಿ, ನ್ಯಾಮತಿಯವರಿಗೆ ನೆರೆಮನೆ ಇದ್ದಂತೆ. ನೆರೆಮನೆಯ ಮಾತಾದರೂ ನಮಗೆ ಕೇಳಿಸಬೇಡವೇ?

1913ರಲ್ಲಿ ಹರ್ಡೇಕರ ಮಂಜಪ್ಪನವರು ನಮ್ಮ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಇಂದು ಆ ಜಯಂತಿಯ ಮೆರವಣಿಗೆಗಳಲ್ಲಿ ನಾವು ಹೊತ್ತು ಸಾಗುವ ಭಾವಚಿತ್ರಗಳನ್ನು ಒಮ್ಮೆ ಕಣ್ತೆರೆದು ನೋಡಿರಿ. ಅಲ್ಲಮಪ್ರಭುಗಳ ಕೂದಲು ಭುಜದ ಮೇಲಿದೆ. ಸಿದ್ಧರಾಮೇಶ್ವರರಿಗೆ ಜಟೆಯೂ ಉಂಟು, ಗಡ್ಡವೂ ಉಂಟು. ಇವು ಕಂಡವರು ಬರೆದ ಚಿತ್ರಗಳಲ್ಲ, ಕಲಾವಿದರ ಕಲ್ಪನೆ ಎಂಬುದು ಸರಿ. ಆದರೆ ಆ ಕಲ್ಪನೆಗೆ ಕೈಮುಗಿದವರು ನಾವೇ.

ಇನ್ನೂ ಒಂದು ಮಾತು. ‘ನಮ್ಮ ಹಿರಿಯರ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಪತ್ರ ಹೇಳುತ್ತದೆ. ಯಾವ ಹಿರಿಯರು? ಮುತ್ತಜ್ಜಂದಿರ ಕಾಲದಲ್ಲಿ ಪಟ್ಟಣಕ್ಕೆ ಹೋಗಿ ಕ್ರಾಪು ಬಿಡಿಸಿಕೊಂಡು ಬಂದವನನ್ನೇ ಕೆಟ್ಟನೆಂದು ಮನೆಯವರು ಬೈಯುತ್ತಿದ್ದರು. ‘ಕ್ರಾಪು’ ಎಂಬ ಪದವೇ ಇಂಗ್ಲಿಷರ ಜೊತೆ ಬಂದದ್ದು. ಆಮೇಲೆ ಎಪ್ಪತ್ತರ ದಶಕದಲ್ಲಿ ಕಿವಿ ಮುಚ್ಚುವಂತೆ ಕೂದಲು ಬಿಟ್ಟವರನ್ನು ‘ಹಿಪ್ಪಿ’ ಎಂದು ಕರೆದರು. ಸಹಿ ಮಾಡಿದ ಹಿರಿಯರಲ್ಲಿ ಒಬ್ಬರ ಮದುವೆಯ ಫೋಟೋವನ್ನು ಅವರ ಮನೆಯ ಪಡಸಾಲೆಯಲ್ಲಿ ನಾನು ನೋಡಿದ್ದೇನೆ. ಕಿವಿ ಕಾಣಿಸುವುದಿಲ್ಲ! ಕ್ಷಮಿಸಬೇಕು, ತಮಾಷೆಗೆ ಹೇಳಿದ್ದಲ್ಲ.

ಪತ್ರ ಬಂದ ಮೇಲೆ ಆ ತರುಣರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತನಾಡಿಸಿದೆನು. ಮೊದಲೇ ಮಾಡಬೇಕಾಗಿದ್ದ ಕೆಲಸ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮಗನೊಬ್ಬನ ಕೂದಲು ಈಗ ಬೆನ್ನಿಗೆ ಇಳಿದಿದೆ. ಅವನ ಚಿಕ್ಕಮ್ಮನಿಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ತಲೆಗೂದಲೆಲ್ಲ ಉದುರಿತು. ಆಕೆ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟದ್ದನ್ನು ಇವನು ಕಂಡ. ರೋಗಿಗಳ ವಿಗ್ಗಿಗೆ ಕೂದಲು ದಾನ ಪಡೆಯುವವರು ಸಾಮಾನ್ಯವಾಗಿ 12 ಇಂಚು ಉದ್ದ ಕೇಳುತ್ತಾರೆ. ತಲೆಗೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಂದರೆ ಎರಡು ವರ್ಷದ ತಾಳ್ಮೆ ಬೇಕು. ಮೊದಲ ಆರು ತಿಂಗಳು ಕಟ್ಟಲೂ ಬಾರದು, ಬಿಡಲೂ ಬಾರದು, ಕಣ್ಣಿಗೆ ಬೀಳುತ್ತದೆ, ಬೆವರಿಗೆ ಕತ್ತು ನವೆಯಾಗುತ್ತದೆ ಎಂದು ಹೇಳಿಕೊಂಡ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತರೆ ಹೊಗೆಯೆಲ್ಲ ತಲೆಯಲ್ಲೇ ಕೂರುತ್ತದಂತೆ. ಬಸ್ಸಿನಲ್ಲಿ ಹಿಂದಿನಿಂದ ಕಂಡಕ್ಟರು, “ಏ ತಾಯಿ, ಮುಂದೆ ನಡಿ” ಎಂದದ್ದೂ, ಅವನು ತಿರುಗಿದಾಗ ಇಡೀ ಬಸ್ಸು ನಕ್ಕದ್ದೂ ಉಂಟು. ಹೆಣ್ಣು ನೋಡಲು ಹೋದ ಮನೆಯವರು ಕಾಫಿ ಕೊಟ್ಟು ಕಳಿಸಿದರು, ಮತ್ತೆ ಹೇಳಿಕಳಿಸಲಿಲ್ಲ. ಇಷ್ಟಾದರೂ ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ. ಏಕೆಂದು ಕೇಳಿದರೆ, “ಹೇಳಿದರೆ ದಾನ ಹೇಗಾಗುತ್ತದೆ, ಅಣ್ಣಾವ್ರೇ? ಡಂಗುರ ಆಗುತ್ತದೆ” ಎಂದ. ಎಂ.ಎ. ಓದಿದ ನನಗಿಂತ ಅವನಿಗೆ ದಾಸೋಹದ ಅರ್ಥ ಚೆನ್ನಾಗಿ ತಿಳಿದಿದೆ.

ಹೊನ್ನಾಳಿಯವನು ದೊಡ್ಡಾಟದಲ್ಲಿ ಸ್ತ್ರೀಪಾತ್ರ ಮಾಡುತ್ತಾನೆ. ಟೋಪನ್ನು ರಂಗದ ಮೇಲೆ ಒಮ್ಮೆ ಜಾರಿ ಬಿದ್ದು ಅವಮಾನವಾದ ಮೇಲೆ ಸ್ವಂತ ಕೂದಲನ್ನೇ ಬೆಳೆಸಿಕೊಂಡ. ನ್ಯಾಮತಿಯವನದು ತಂದೆಯ ಕಾಯಿಲೆಗೆ ಹೊತ್ತ ಹರಕೆಯ ಮುಡಿ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಹರಕೆಯವನ ಹೆಸರನ್ನು ಪತ್ರದವರು ಎತ್ತುವುದೇ ಇಲ್ಲ. ‘ಅದು ದೇವರ ಕೂದಲು’ ಎಂಬ ಸಮಾಧಾನ! ದೇವರ ಕೂದಲು ಬೇರೆ, ಮನುಷ್ಯನ ಕೂದಲು ಬೇರೆ ಎಂಬ ಈ ಭೇದ ಎಲ್ಲಿಗೆ ಮುಟ್ಟುತ್ತದೆಂಬುದು ಜಗಳೂರಿನವರಿಗೆ ನಾನು ಹೇಳಬೇಕಾದುದಿಲ್ಲ. ಪಕ್ಕದ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಸುತ್ತ ಏನೇನು ನಡೆಯಿತೆಂಬುದು ಅವರಿಗೆ ಗೊತ್ತು. ಎಣ್ಣೆ ಬಾಚಣಿಗೆ ಕಾಣದೆ ಗಂಟು ಕಟ್ಟಿದ ಕೂದಲನ್ನು ‘ಜಡೆ ಬಂತು, ಅಮ್ಮ ಒಲಿದಳು’ ಎಂದು ಹೇಳಿ ಎಷ್ಟು ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಲಿಲ್ಲ, ಎಷ್ಟು ಗಂಡುಮಕ್ಕಳನ್ನು ಎಲ್ಲಮ್ಮನಿಗೆ ಬಿಡಲಿಲ್ಲ! ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಷ್ಟು ಹಳೆಯದು. ಗಂಟು ಬಿದ್ದ ಕೂದಲಿಗೆ ಭಯಪಟ್ಟು ಕೈಮುಗಿಯುವುದೂ, ಬಾಚಿ ಬಿಟ್ಟ ಕೂದಲಿಗೆ ಮುಖ ಸಿಂಡರಿಸುವುದೂ ಒಂದೇ ಅಜ್ಞಾನದ ಎರಡು ಮುಖಗಳು. ಕೂದಲಿನಲ್ಲಿ ಏನೋ ಇದೆ ಎಂಬ ನಂಬಿಕೆ ಎರಡಕ್ಕೂ ಮೂಲ.

ಇನ್ನು ಜಗಳೂರು ಕಡೆಯವನ ವಿಚಾರ. ಪತ್ರ ಬರೆದವರ ಊರಿನವನೇ ಅವನು. ನಿಜ ಹೇಳಬೇಕೆಂದರೆ ಈ ಪತ್ರ ಬರೆಯಿಸಿದ್ದು ಅವನ ತಲೆಯೇ.

ಎರಡು ವರ್ಷದ ಹಿಂದೆ ಪೂಜ್ಯರಿಂದ ಇಷ್ಟಲಿಂಗ ದೀಕ್ಷೆ ಪಡೆದ ಹುಡುಗ. ಊರ ಹೊರಗಿನ ಕೇರಿಯವನು. ಮನೆತನದಲ್ಲಿ ಲಿಂಗ ಧರಿಸಿದವರಲ್ಲಿ ಮೊದಲಿಗ. ಗೋಷ್ಠಿಗೆ ತಪ್ಪದೆ ಬರುತ್ತಿದ್ದ, ಬರಿಗಂಟಲಲ್ಲಿ ವಚನ ಹಾಡುತ್ತಿದ್ದ. ತಿಂಗಳು ತಿಂಗಳಿಗೆ ಅವನ ಕೂದಲು ಬೆಳೆಯುತ್ತಾ ಬಂತು. ಕಳೆದ ಕಾರ್ತಿಕದಲ್ಲಿ ಬಾಗಿಲ ಬಳಿ ಹಿರಿಯರು ಗೊಣಗುತ್ತಿದ್ದುದನ್ನು ಕೇಳಿ ನಾನು ಎಲ್ಲರೆದುರಿಗೆ, “ಏನಪ್ಪಾ ಇದು? ಮೊದಲು ತಲೆ ಸರಿಮಾಡಿಸಿಕೊಂಡು ಬಾ, ಆಮೇಲೆ ವಚನ ಹಾಡು” ಎಂದುಬಿಟ್ಟೆನು. ಅವನು ನನ್ನನ್ನು ಒಂದು ಗಳಿಗೆ ನೋಡಿದ. “ಆಗಲಿ ಅಣ್ಣಾವ್ರೇ” ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ. ಆಮೇಲೆ ಬರಲಿಲ್ಲ. ಶಿಸ್ತು ಕಲಿಸಿದೆನೆಂದು ನಾನು ಅಂದು ನೆಮ್ಮದಿಯಾಗಿ ಉಂಡೆನು.

ಈ ಪತ್ರ ಬಂದ ಮೇಲೆ ಅವನನ್ನು ಹುಡುಕಿಕೊಂಡು ಹೋದೆನು. ಆ ಊರಿನಲ್ಲಿ ಕ್ಷೌರದ ಅಂಗಡಿ ಇರುವುದು ಒಂದೇ. ಅಲ್ಲಿ ಆ ಕೇರಿಯವರಿಗೆ ಕುರ್ಚಿ ಇಲ್ಲ. ಅವನ ಅಜ್ಜ, ಅಪ್ಪ, ಈಗ ಅವನು, ಮೂರು ತಲೆಮಾರು ಕ್ಷೌರಕ್ಕೆ ಜಗಳೂರು ಪೇಟೆಗೆ ಹೋಗಬೇಕು. ಒಂದು ದಿನದ ಕೂಲಿ ಕಳೆದುಕೊಳ್ಳಬೇಕು. “ಕೊರಳಲ್ಲಿ ಲಿಂಗ ಬಂದಿದೆಯಲ್ಲ, ಈಗಲಾದರೂ ಕೂರಿಸುತ್ತಾರೆಂದು ಹೋದೆ. ‘ಊರವರು ಏನನ್ನುತ್ತಾರೋ, ಪೇಟೆಗೆ ಹೋಗಪ್ಪಾ’ ಎಂದರು. ಅವತ್ತೇ ತೀರ್ಮಾನ ಮಾಡಿದೆ. ಕತ್ತರಿ ಬಿದ್ದರೆ ನಮ್ಮೂರ ಕುರ್ಚಿಯಲ್ಲೇ ಬೀಳಬೇಕು. ಅಲ್ಲಿಯವರೆಗೆ ಬೆಳೆಯಲಿ” ಎಂದನು. ಅವನ ಅವ್ವ ರಾತ್ರಿ ಎಣ್ಣೆ ಹಚ್ಚಿ ಬಾಚುತ್ತಾಳೆ. ಜಡೆಗಟ್ಟಿದರೆ ಜನ ಮತ್ತೊಂದು ಕಥೆ ಕಟ್ಟುತ್ತಾರೆಂಬ ಅಂಜಿಕೆ ಆಕೆಗೆ.

ನಾನು ‘ತಲೆ ಸರಿಮಾಡಿಸಿಕೊಂಡು ಬಾ’ ಎಂದದ್ದು ಇವನಿಗೆ.

ಅಂಗಡಿಯವನನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದಲ್ಲಿ ದಲಿತರಿಗೆ ಕ್ಷೌರ ಮಾಡಿದ ಕ್ಷೌರಿಕನಿಗೇ ದಂಡ ಹಾಕಿ ಬಹಿಷ್ಕರಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಮನೆ ಮನೆಯ ಕಾಳಿನ ಮೇಲೆ, ಊರ ಗೌಡರ ಮರ್ಜಿಯ ಮೇಲೆ ಬದುಕುವವನ ಭಯ ಸುಳ್ಳಲ್ಲ. ಆದರೆ ಆ ಭಯ ಎಲ್ಲಿಗೆ ಮುಟ್ಟಬಹುದು? 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆಂದು ಅಂಗಡಿಗೆ ಹೋದ ದಲಿತ ಯುವಕನೊಬ್ಬ ಅಲ್ಲಿಯೇ ಇರಿತಕ್ಕೆ ಬಲಿಯಾದ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಮಾಡಿದೆ. ಇಂಥ ನಿರಾಕರಣೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಕಾನೂನಿನ ಮಾತು ಹಾಗಿರಲಿ. ಕ್ಷೌರಿಕ ಬಂಧುಗಳು ತಮ್ಮ ಮೂಲಪುರುಷನೆಂದು ಪೂಜಿಸುವ ಹಡಪದ ಅಪ್ಪಣ್ಣನವರು ಬಸವಣ್ಣನವರ ಅತ್ಯಂತ ನಿಕಟವರ್ತಿ. ಹಡಪವೆಂದರೆ ಎಲೆಅಡಿಕೆಯ ಸಂಚಿ. ಅದನ್ನು ಹಿಡಿದ ಕೈಗೆ ಮಂಟಪದಲ್ಲಿ ಮೇಲು ಕೀಳೆಂಬುದಿರಲಿಲ್ಲ. ಸಮಗಾರ ಹರಳಯ್ಯನವರನ್ನು ‘ಶರಣು ಶರಣಾರ್ಥಿ’ ಎಂದು ಬರಮಾಡಿಕೊಂಡ ಕಲ್ಯಾಣದ ಕಥೆಯನ್ನು ನಾವು ಪ್ರತಿವರ್ಷ ನಾಟಕ ಆಡುತ್ತೇವೆ. ನಾಟಕ ಮುಗಿದ ಮೇಲೆ ಬಣ್ಣ ಅಳಿಸಿಕೊಂಡು ಆ ಊರಿಗೆ ಮರಳುತ್ತೇವೆ. ಅಲ್ಲಿ ಆ ಕುರ್ಚಿ ಹಾಗೆಯೇ ಇರುತ್ತದೆ.

ಆದ್ದರಿಂದ ಹನ್ನೊಂದು ಮಂದಿ ಹಿರಿಯರಿಗೆ, ವಯಸ್ಸಿನಲ್ಲಿ ಚಿಕ್ಕವನಾದ ನನ್ನ ಉತ್ತರ ಇದು. ಕ್ಷೌರ ಮಾಡಿಸಿಕೊಂಡು ಬಂದರೆ ಒಳಗೆ ಬಿಡಿ ಎಂದು ತಾವು ಬರೆದಿದ್ದೀರಿ. ಆ ಹುಡುಗ ಮಾಡಿಸಿಕೊಳ್ಳಲು ಸಿದ್ಧನಿದ್ದಾನೆ. ಅಂಗಡಿ ತಮ್ಮ ಊರಿನದು. ಕಟ್ಟಡ ತಮ್ಮಲ್ಲಿ ಒಬ್ಬರದೆಂದೂ ಕೇಳಿದ್ದೇನೆ. ಸೋಮವಾರ ನಮ್ಮವರು ತಲೆ ಮುಟ್ಟಿಸುವುದಿಲ್ಲ, ಮಂಗಳವಾರ ಅಂಗಡಿಗೆ ರಜೆ. ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಪೂಜ್ಯರ ಅಪ್ಪಣೆ ಪಡೆದು ನಾನು ಅಲ್ಲಿಗೆ ಬರುತ್ತೇನೆ, ಅವನ ಜೊತೆಯಲ್ಲಿ. ಸರದಿಯಲ್ಲಿ ಅವನ ಹಿಂದೆ ನಾನು ಕೂರುತ್ತೇನೆ. ನನ್ನ ಹಿಂದೆ ಹನ್ನೊಂದು ಮಂದಿಗೆ ಜಾಗವಿದೆ.

ಕುರ್ಚಿ ಸಿಕ್ಕ ಮೇಲೆ ಅವನು ಕತ್ತರಿಸಿಕೊಳ್ಳುತ್ತಾನೋ, ಉದ್ದವೇ ಚೆಂದವೆಂದು ಹಾಗೆಯೇ ಬಿಟ್ಟುಕೊಳ್ಳುತ್ತಾನೋ ಅದು ಅವನ ತಲೆ, ಅವನ ಇಷ್ಟ. ಬರುವ ಅಮಾವಾಸ್ಯೆಯ ಗೋಷ್ಠಿಯಲ್ಲಿ ವಚನ ಗಾಯನಕ್ಕೆ ಅವನ ಹೆಸರನ್ನು ಮೊದಲು ಬರೆದಿದ್ದೇನೆ. ಚನ್ನಗಿರಿಯವನು ದಾಸೋಹದಲ್ಲಿ ಸಾರು ಬಡಿಸುತ್ತಾನೆ, ತಲೆಗೆ ವಸ್ತ್ರ ಕಟ್ಟಿಕೊಂಡು.

ಶರಣು.