ಕೋಡಿ ಕಟ್ಟಿದ ಕೆರೇಲಿ ಕಯಾಕ್ ಬೇಡ

1/7
ಈ ಫೋಟೋ ನಿಮಗೆಲ್ಲ ಗೊತ್ತಿರೋದೇ. ಹೋದ ಸೆಪ್ಟೆಂಬರ್‌ನಲ್ಲಿ ನಮ್ಮ ಕ್ಲಾಸಿನ ಹನ್ನೊಂದು ಜನ ಸಕಲೇಶಪುರದ ಕಡೆ ಹೋಗಿದ್ದಾಗ ತೆಗೆದದ್ದು. ಎಸ್ಟೇಟ್ ಒಳಗಿನ ಕೆರೆ, ಎರಡು ಕಯಾಕ್, ಹಿಂದೆ ಮಂಜು. ನನ್ನ ಪೇಜಿನಲ್ಲಿ ಅತಿ ಹೆಚ್ಚು ಲೈಕ್ ಬಂದ ಫೋಟೋ ಇದೇ. ಮೊನ್ನೆ ಡಿಲೀಟ್ ಮಾಡಿದ್ದೆ. ಇವತ್ತು ಮತ್ತೆ ಹಾಕ್ತಿದ್ದೀನಿ. ಲೊಕೇಶನ್ ತೆಗೆದಿದ್ದೀನಿ, ಬಲಗಡೆ ಮೂಲೆಗೆ ಒಂದು ಕೆಂಪು ಸುತ್ತು ಹಾಕಿದ್ದೀನಿ.

ಅಜ್ಜಿಗೆ ಇದೇ ಫೋಟೋ ತೋರಿಸಿದ್ದೆ. ಮೊಮ್ಮಗ ಎಲ್ಲಿ ಅಂತಾನೂ ಹುಡುಕಲಿಲ್ಲ. ಬೆರಳು ನೇರ ಆ ಮೂಲೆಗೆ ಹೋಯ್ತು. “ಕೋಡಿಗೆ ಯಾಕ್ಲಾ ಮೂಟೆ ಹಾಕವ್ರೆ? ಕೆಳಗೆ ಯಾರೂ ಇಲ್ವಾ?” ಅಂತ ಕೇಳಿದ್ರು.

ಇದ್ರು ಕಣ್ರೋ. ಏರಿ ಕೆಳಗೆ ಒಂದು ಸಾಲು ಲೈನ್ ಮನೆಗಳಿದ್ವು, ಅದರಾಚೆ ಗದ್ದೆ. ನಮ್ಮ ಗಾಡಿ ನಿಲ್ಲಿಸಿದ್ದೇ ಆ ಮನೆಗಳ ಮುಂದೆ. ನಮಗೆ ಟೀ ಕೊಟ್ಟಿದ್ದೂ ಅವರೇ.

2/7
ನಮ್ಮಲ್ಲಿ ಎಷ್ಟು ಜನಕ್ಕೆ ಕೋಡಿ ಅಂದ್ರೇನು ಅಂತ ಗೊತ್ತು? ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಣ್ಣಿನ ಕೆರೆಗೆ ಮುಖ್ಯವಾಗಿ ಮೂರು ಭಾಗ. ನೀರನ್ನ ತಡೆಯೋದು ಏರಿ. ಬೇಕಾದಾಗ ಬೇಕಾದಷ್ಟು ನೀರು ಬಿಡೋಕೆ ತೂಬು. ಜಾಸ್ತಿ ಆದ ನೀರು ತಾನಾಗೇ ಪಕ್ಕದಿಂದ ಹರಿದು ಹೋಗೋಕೆ ಕೋಡಿ.

ಕೋಡಿ ಯಾವಾಗಲೂ ಏರಿಗಿಂತ ತಗ್ಗಿನಲ್ಲಿ ಇರುತ್ತೆ, ಇರಲೇಬೇಕು. ಏರಿ ಮಣ್ಣಿಂದು. ಒಂದು ಪಕ್ಕ ನಿಂತ ನೀರನ್ನ ಅದು ವರ್ಷಗಟ್ಟಲೆ ತಡೀಬಹುದು, ಆದರೆ ತಲೆ ಮೇಲೆ ಹರಿಯೋ ನೀರನ್ನ ತಡೆಯಲ್ಲ. ಮೇಲಿಂದ ನೀರು ಹರಿದ್ರೆ ಹೊರಗಿನ ಇಳಿಜಾರಿನ ಮಣ್ಣು ಕೊಚ್ಚಿಕೊಂಡು ಹೋಗುತ್ತೆ. ಒಂದು ಕಡೆ ಸಣ್ಣ ಕೊರಕಲು ಬಿತ್ತು ಅಂದ್ರೆ ನೀರೆಲ್ಲ ಅಲ್ಲಿಗೇ ನುಗ್ಗುತ್ತೆ, ಕೊರಕಲು ಇನ್ನೂ ದೊಡ್ಡದಾಗುತ್ತೆ. ಆಮೇಲೆ ಜೆಸಿಬಿ ತಂದರೂ ನಿಲ್ಲಿಸೋಕೆ ಆಗಲ್ಲ.

ಕೋಡಿಗೆ ಎರಡು ಅಡಿ ಮರಳು ಮೂಟೆ ಇಟ್ಟರೆ ಕೆರೆಗೆ ಎರಡು ಅಡಿ ನೀರು ಜಾಸ್ತಿ ಸಿಗುತ್ತೆ ಅಂತ ಓನರ್ ಲೆಕ್ಕ. ಆ ಎರಡು ಅಡಿ ಬಂದಿದ್ದು ಏರಿಯ ಸೇಫ್ಟಿ ಮಾರ್ಜಿನ್‌ನಿಂದ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

3/7
ಈ ಕೆರೆಗಳು ಮೋಜಿಗೆ ಅಂತ ಕಟ್ಟಿದ್ದಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡೋಕೆ ನೀರು ಬೇಕು. ಮಳೆ ಬರದಿದ್ರೆ ಪಂಪ್ ಹಾಕಿ ಸ್ಪ್ರಿಂಕ್ಲರ್‌ನಲ್ಲಿ ಕೊಡಬೇಕು, ರೊಬಸ್ಟಾಗಂತೂ ಬೇಕೇ ಬೇಕು. ಹಾಗಾಗಿ ಬೇಸಿಗೆ ಮುಗಿಯೋ ಹೊತ್ತಿಗೆ ಕೆರೆ ಅರ್ಧಕ್ಕೆ ಇಳಿದಿರೋದು. ಏರಿಯ ಒಳಮೈ ಕಾಣೋದು. ಹೆಗ್ಗಣದ ಬಿಲ, ಬಿರುಕು, ಜಾರಿದ ಕಲ್ಲು ಎಲ್ಲ ಕಣ್ಣಿಗೆ ಬೀಳೋದು, ಮಣ್ಣು ಹಾಕಿ ರಿಪೇರಿ ಮಾಡೋರು. ಜೂನ್ ಮಳೆ ಬಂದಾಗ ಹೊಸ ನೀರು ತುಂಬೋಕೆ ಜಾಗಾನೂ ಇರೋದು.

ಈಗ ಕೆರೆ ಹೋಂಸ್ಟೇ ಜೊತೆ ಸೇರಿ ‘ಲೇಕ್ ವ್ಯೂ’ ಆಗಿದೆ. ವ್ಯೂ ಬೇಕಂದ್ರೆ ಏಪ್ರಿಲ್‌ನಲ್ಲೂ ಕೆರೆ ತುಂಬಿರಬೇಕು. ಕೆಸರು ಕಂಡ್ರೆ ನಾವು ಒಂದು ಸ್ಟಾರ್ ಕೊಡ್ತೀವಿ. ಅದಕ್ಕೇ ವರ್ಷವಿಡೀ ತುಂಬಿಸಿ ಇಡ್ತಾರೆ. ಒಳಮೈ ಯಾರೂ ನೋಡಲ್ಲ. ಮೊದಲ ದೊಡ್ಡ ಮಳೆಗೆ ಒಂದು ಗೇಣು ಜಾಗಾನೂ ಉಳಿದಿರಲ್ಲ. ಮೇಲಿಂದ ಏರಿ ಮೇಲೆ ಜೀಪ್ ಓಡಿಸೋದು, ಅಲ್ಲೇ ಕ್ಯಾಂಪ್‌ಫೈರ್, ಅಂದಕ್ಕೆ ಅಂತ ಮರ ನೆಡೋದು. ಜೀಪಿನ ಚಕ್ರದ ಗುಂಡಿಯಲ್ಲಿ ನೀರು ನಿಂತು ಏರಿ ಒಳಗೆ ಇಳಿಯುತ್ತೆ. ಮರ ಸತ್ತು ಬೇರು ಕೊಳೆತರೆ ನೀರಿಗೆ ಒಳಗೊಳಗೇ ದಾರಿ ಆಗುತ್ತೆ.

ಅಂದ್ರೆ ಮರಳು ಮೂಟೆ ಇಟ್ಟಿದ್ದು ಓನರ್, ಆದರೆ ಇಡಿಸಿದ್ದು ನಮ್ಮ ಫೋಟೋ. ಈ ಮಾತು ನನಗೂ ಸೇರಿ.

4/7
“ಸುಮ್ನೆ ಹೆದರಿಸಬೇಡ ಗುರು, ಇಷ್ಟು ವರ್ಷ ಏನಾಗಿದೆ?” ಅಂತ ಇಬ್ಬರು ಆಗಲೇ ಮೆಸೇಜ್ ಮಾಡಿದ್ದಾರೆ. ಏನಾಗಿದೆ ಅಂತ ಹೇಳ್ತೀನಿ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅನ್ನೋ ಮಣ್ಣಿನ ಅಣೆಕಟ್ಟು ಇತ್ತು. ನಮ್ಮ ಕೆರೆಗಿಂತ ಬಹಳ ದೊಡ್ಡದು, 72 ಅಡಿ ಎತ್ತರ. ಅದು ಮೀನು ಹಿಡಿಯೋಕೆ, ದೋಣಿ ಬಿಡೋಕೆ ಅಂತ ಶ್ರೀಮಂತರು ಮಾಡಿಕೊಂಡಿದ್ದ ಖಾಸಗಿ ಕ್ಲಬ್ಬಿನ ಕೈಗೆ ಬಂತು. ಆಂಡ್ರ್ಯೂ ಕಾರ್ನೆಗಿ ಕೂಡ ಅದರ ಸದಸ್ಯ. ಗಾಡಿ ಓಡಾಡಲಿ ಅಂತ ಏರಿಯ ತಲೆ ತಗ್ಗಿಸಿದ್ರು. ಮೀನು ತಪ್ಪಿಸಿಕೊಳ್ಳಬಾರದು ಅಂತ ಕೋಡಿಗೆ ಜಾಲರಿ ಹಾಕಿದ್ರು. ಕೆಳಗಿಂದ ನೀರು ಬಿಡೋ ಪೈಪುಗಳನ್ನ ಹಿಂದಿನ ಮಾಲೀಕ ಕಿತ್ತು ಮಾರಿದ್ದ, ಇವರು ಮತ್ತೆ ಹಾಕಿಸಲೇ ಇಲ್ಲ. 1889ರ ಮೇ 31ರಂದು ದೊಡ್ಡ ಮಳೆ ಬಂತು, ಕಸಕಡ್ಡಿ ಬಂದು ಜಾಲರಿಗೆ ಕಟ್ಟಿಕೊಳ್ತು, ನೀರು ಏರಿ ಹತ್ತಿತು. ಕೆಳಗಿನ ಜಾನ್ಸ್‌ಟೌನ್ ಊರು ಕೊಚ್ಚಿಹೋಯ್ತು. ಸತ್ತವರು 2,209 ಜನ. ಕ್ಲಬ್ಬಿನ ಮೇಲೆ ಹಾಕಿದ ಕೇಸುಗಳು ಗೆಲ್ಲಲಿಲ್ಲ.

ಇನ್ನೊಂದು ನಮ್ಮ ವಯಸ್ಸಿನವರಿಗೆ ಹತ್ತಿರದ್ದು. ಜಾರ್ಜಿಯಾದ ಟೊಕೋವಾದಲ್ಲಿ ಒಂದು ಕಾಲೇಜಿಗೆ ಸೇರಿದ್ದ ಕೆಲ್ಲಿ ಬಾರ್ನ್ಸ್ ಅನ್ನೋ ಸಣ್ಣ ಮಣ್ಣಿನ ಅಣೆಕಟ್ಟು. ಮೊದಲು ಕರೆಂಟ್ ತೆಗೆಯೋಕೆ ಇತ್ತು. 1957ರ ನಂತರ ಬರೀ ಮೋಜಿನ ಕೆರೆ. 1977ರ ನವೆಂಬರ್ 6ರ ನಡುರಾತ್ರಿ ಮಳೆಯಲ್ಲಿ ಒಡೆದು ಕೆಳಗಿದ್ದ ಕ್ಯಾಂಪಸ್ ಮೇಲೆ ನುಗ್ಗಿತು. 39 ಜನ ಸತ್ತರು, ಅದರಲ್ಲಿ ಅರ್ಧದಷ್ಟು ಮಕ್ಕಳು. ಅವತ್ತು ಸಂಜೆವರೆಗೂ ಅಲ್ಲೂ ‘ಇಷ್ಟು ವರ್ಷ ಏನೂ ಆಗಿಲ್ಲ’ ಅನ್ನೋದೇ ಇದ್ದಿರಬೇಕು.

5/7
“ಅವರ ಜಾಗ, ಅವರ ಕೆರೆ, ನಿಂಗೇನು?”

ಕೆರೆ ಅವರದ್ದು ಸರಿ. ಕೆಳಗಿನ ಮನೆಗಳಲ್ಲಿ ಇರೋ ಜೀವ ಅವರದ್ದಲ್ವಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ ಅನ್ವಯ. 10ರಿಂದ 15 ಮೀಟರ್ ಇದ್ದರೆ ಉದ್ದ, ನೀರಿನ ಪ್ರಮಾಣದಂಥ ಷರತ್ತು ನೋಡ್ತಾರೆ. ನಾವು ಕಯಾಕ್ ಮಾಡಿದ ಕೆರೆಯ ಏರಿ ಮೂರು ಆಳೆತ್ತರ ಇದ್ದರೆ ಹೆಚ್ಚು. ಅದು ಈ ಕಾಯ್ದೆಗೆ ಸಿಗೋದೇ ಇಲ್ಲ. ಲೈನ್ ಮನೆ ಗೋಡೆ ಬೀಳಿಸೋಕೆ 15 ಮೀಟರ್ ಬೇಕಾಗಿಲ್ಲ.

ಎಲ್‌ಎಲ್‌ಬಿ ಓದ್ತಿರೋ ಅಕ್ಕ ಒಂದು ಹಳೇ ಕೇಸ್ ಹೇಳಿದ್ಲು. ಈಗಿನ ಆಂಧ್ರದ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಮಳೆಗೆ ಒಡೆದು ಮದ್ರಾಸ್ ರೈಲ್ವೆಗೆ ನಷ್ಟ ಆಯ್ತು. ರೈಲ್ವೆ ಕಂಪನಿ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1874ರಲ್ಲಿ ಸೋತಿತು. ಯಾಕೆ ಅಂದ್ರೆ, ಈ ದೇಶದಲ್ಲಿ ಕೆರೆ ಇಲ್ಲದೆ ಬೇಸಾಯ ಇಲ್ಲ, ಕೆರೆ ಉಳಿಸಿಕೊಳ್ಳೋದು ಜಮೀನ್ದಾರನ ಕರ್ತವ್ಯ, ಅವನ ಕಡೆಯಿಂದ ಅಜಾಗ್ರತೆ ಇಲ್ಲದಿದ್ರೆ ಹೊಣೆ ಇಲ್ಲ ಅಂತ. ಸರಿ, ಜನರ ಅನ್ನಕ್ಕೆ ಬೇಕಾದ ಕೆರೆಗೆ ಆ ರಿಯಾಯಿತಿ ಇರಲಿ. ತಲೆಗೆ ಇಷ್ಟು ಅಂತ ದುಡ್ಡು ಇಸ್ಕೊಂಡು ಕಯಾಕ್ ಬಿಡೋ ಕೆರೆಗೆ ಯಾವ ರಿಯಾಯಿತಿ? ಕೋಡಿಗೆ ಮೂಟೆ ಇಡೋದು ಅಜಾಗ್ರತೆ ಅಲ್ಲದೆ ಮತ್ತೇನು?

ನಾವು ಬಿಕಾಂನವರು. ಆಸ್ತಿ ಒಂದು ಕಡೆ ಬರೆದರೆ ಹೊಣೆ ಇನ್ನೊಂದು ಕಡೆ ಬರೀಬೇಕು ಅಂತ ಮೊದಲ ಸೆಮ್‌ನಲ್ಲೇ ಕಲಿತಿದ್ದೀವಿ. ಇಲ್ಲಿ ‘ಲೇಕ್ ವ್ಯೂ’ ಆಸ್ತಿ ಓನರ್ ಪುಸ್ತಕದಲ್ಲಿದೆ, ಹೊಣೆ ಲೈನ್ ಮನೆಯವರ ತಲೆ ಮೇಲಿದೆ. ಈ ಬ್ಯಾಲೆನ್ಸ್ ಶೀಟ್‌ಗೆ ಯಾವ ಆಡಿಟರ್ ಸೈನ್ ಹಾಕ್ತಾನೆ?

6/7
ಈಗ ನಮ್ಮ ಜೀವದ ಮಾತು. ಅವತ್ತು ಒಂದು ಕಯಾಕ್ ಮಗುಚಿದ್ದನ್ನ ನಾವ್ಯಾರೂ ಸ್ಟೋರಿಗೆ ಹಾಕಲಿಲ್ಲ. ಬಿದ್ದವನಿಗೆ ಈಜು ಬರುತ್ತೆ. ಆದರೂ ದಡ ಹತ್ತೋಕೆ ಆಗಲಿಲ್ಲ. ಮಣ್ಣಿನ ಏರಿಯ ಒಳಮೈ ನೆನೆದ ಜೇಡಿ, ಕಾಲು ಇಟ್ಟಷ್ಟೂ ಜಾರುತ್ತೆ, ತಳದಲ್ಲಿ ಹೂಳು ಕಾಲು ಹಿಡಿಯುತ್ತೆ. ಲೈಫ್ ಜಾಕೆಟ್ ಇದ್ದದ್ದು ನಾಲ್ಕು, ಅದೂ ರೂಮಿನಲ್ಲಿ. ಹಗ್ಗ ಎಸೆದು ಎಳೆದದ್ದು ಲೈನ್ ಮನೆಯ ಒಬ್ಬ ಅಣ್ಣ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಆಗಿದ್ರೆ ಇನ್ನೂ ಕಷ್ಟ, ಅಲ್ಲಿ ಕೈಗೆ ಹಿಡಿಯೋಕೆ ಏನೂ ಸಿಗಲ್ಲ.

ನಾವು ಅವರ ತಲೆ ಮೇಲೆ ನೀರು ನಿಲ್ಲಿಸೋರಿಗೆ ದುಡ್ಡು ಕೊಟ್ವಿ. ಅವರು ನಮ್ಮ ಹುಡುಗನ್ನ ಎಳೆದು ಹಾಕಿದ್ರು. ಆ ಅಣ್ಣನ ಹೆಸರು ಕೇಳೋಕೂ ನಮಗೆ ಹೊಳೀಲಿಲ್ಲ.

7/7
ಕೆರೆಗೆ ಹೋಗಲೇಬೇಡಿ ಅಂತ ಹೇಳ್ತಿಲ್ಲ. ನೀರು ಕಂಡ್ರೆ ನನಗೂ ಆಸೆ. ಹೋದಾಗ ಎರಡು ನಿಮಿಷ ಇಷ್ಟು ನೋಡಿ:

• ಕೋಡಿ ಖಾಲಿ ಇದೆಯಾ? ಮೂಟೆ, ಹಲಗೆ, ಬಲೆ, ಕಸ ಏನಿದ್ರೂ ಅಲ್ಲಿ ದುಡ್ಡು ಕೊಡಬೇಡಿ.
• ಏರಿಯ ಹೊರಗಡೆ ಬುಡದಲ್ಲಿ ನೀರು ಜಿನುಗ್ತಿದೆಯಾ? ಕೆಂಪು ಕೆಸರು ನೀರು ಬರ್ತಿದ್ರೆ ಅದು ಒಳಗಿನ ಮಣ್ಣು. ಮೇಲೆ ನಿಲ್ಲಬೇಡಿ. ಮೊದಲು ಕೆಳಗಿನ ಮನೆಯವರಿಗೆ ಹೇಳಿ, ಆಮೇಲೆ ಓನರ್‌ಗೆ, ಪಂಚಾಯ್ತಿಗೆ.
• ಏರಿ ಮೇಲೆ ಗಾಡಿ ಓಡಿಸಬೇಡಿ.
• ತೂಬಿನ ಹತ್ತಿರ ಈಜಬೇಡಿ, ತೆರೆದಿದ್ರೆ ಎಳೆಯುತ್ತೆ.
• ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ದಡದಲ್ಲಿ ಹಗ್ಗ, ನೋಡ್ಕೊಳ್ಳೋಕೆ ಒಬ್ಬರು. ಇಲ್ಲ ಅಂದ್ರೆ ಇಳೀಬೇಡಿ. ಕುಡಿದಿದ್ರೆ ಅಂತೂ ಬೇಡವೇ ಬೇಡ.

ನನ್ನ ಬೇಡಿಕೆ ಒಂದೇ. ದುಡ್ಡಿಗೆ ಕೆರೆ ಬಿಡೋ ಪ್ರತಿ ಹೋಂಸ್ಟೇ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಏರಿಯನ್ನ ಒಬ್ಬ ಇಂಜಿನಿಯರ್ ಕೈಲಿ ನೋಡಿಸಿ ಆ ಕಾಗದವನ್ನ ಗೇಟಿಗೆ ಅಂಟಿಸಬೇಕು. ಹೋಂಸ್ಟೇ ನೋಂದಣಿ ಮಾಡೋ ಪ್ರವಾಸೋದ್ಯಮ ಇಲಾಖೆ ಇದನ್ನ ಕೇಳಬೇಕು. ಇಲಾಖೆ ಕೇಳೋವರೆಗೆ ನಾವು ಕೇಳೋಣ, ಬುಕ್ ಮಾಡೋ ಮುಂಚೆ ಒಂದು ಫೋನ್‌ನಲ್ಲಿ: “ಕೋಡಿ ತೆರೆದಿದೆಯಾ ಸರ್?” ಹತ್ತು ಜನ ಕೇಳಿದ್ರೆ ನಗ್ತಾರೆ. ನೂರು ಜನ ಕೇಳಿದ್ರೆ ಮೂಟೆ ತೆಗೀತಾರೆ.

ಆ ಹೋಂಸ್ಟೇಗೆ ನಾನು ನಿನ್ನೆ ಫೋನ್ ಮಾಡಿದೆ. “ಯಾಕೆ, ನಿಮಗೆ ರೂಮ್ ಬೇಕಾ ಬೇಡ್ವಾ?” ಅಂದ್ರು. ಬೇಡ ಅಂದೆ. ಜೂನ್ ಹತ್ತಿರ ಬರ್ತಿದೆ. ಮುಂದಿನ ಭಾನುವಾರ ಮತ್ತೆ ಮಾಡ್ತೀನಿ. ನನ್ನ ಜೊತೆ ಬಂದಿದ್ದ ಹತ್ತೂ ಜನ ಮಾಡಿ.

#ಕೋಡಿತೆರೆಯಿರಿ #ಎಸ್ಟೇಟ್‌ಕೆರೆ #ಸಕಲೇಶಪುರ #ಬಿಕಾಂಹುಡುಗ